ಹಿತ್ತಲ ಖೋಲಿಯ ಚಕ್ಕುಬಂದಿ

ಗುರುದೇವಿಗೆ ಕೇಳುವ ಚಟ. ತವರಿನಿಂದ ಬಂದದ್ದು ಅದು. ಅವಳ ಅಪ್ಪ ಬೈಲಹೊಂಗಲದ ಕಡೆ ಮೋಜಣಿ ಇಲಾಖೆಯಲ್ಲಿ ಸರಪಳಿ ಹಿಡಿದು, ಜನರ ಹೊಲ ಅಳೆದು ಅಳೆದೇ ಮುದುಕನಾದವನು. ಆ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು: ಯಾರ ಹೊಲದ ಮೂಡಲಿಗೆ ಯಾರು, ಬಡಗಲಿಗೆ ಯಾರು. ಹೀಗೆ ನಾಲ್ಕೂ ದಿಕ್ಕಿನವರ ಹೆಸರು ಬರೆದದ್ದಕ್ಕೆ ಚಕ್ಕುಬಂದಿ ಅನ್ನುತ್ತಾರೆ. ಅದಿಲ್ಲದ ಖರೀದಿ ಪತ್ರವನ್ನು ಆತ ಒಲೆ ಹೊತ್ತಿಸಲಿಕ್ಕೂ ಮುಟ್ಟುತ್ತಿರಲಿಲ್ಲ.

ಇಂಥವನ ಮಗಳನ್ನು ಕಟ್ಟಿಕೊಂಡ ಶಾಂತಪ್ಪ ಮಾತ್ರ ಯಾರು ಏನು ಹೇಳಿದರೂ ಹೂಂ ಅನ್ನುವ ಆಸಾಮಿ. ಹೀಥ್ರೂ ವಿಮಾನ ನಿಲ್ದಾಣದ ಸರಕಿನ ಗೋದಾಮಿನಲ್ಲಿ ಕೆಲಸ. ಹೇಸ್‌ನಲ್ಲಿ ಕೆಳಗೆ ಒಂದು ಅಂಗಡಿ, ಅದರ ಮೇಲೆ ಇನ್ನೊಬ್ಬರು, ಅವರ ಮೇಲೆ ಇವರು, ಹೀಗೆ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಕಳೆದಿದ್ದರು. ಗುರುದೇವಿ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ತಟ್ಟೆ ತುಂಬುತ್ತಿದ್ದಳು. ತಾನು ತುಂಬಿದ್ದನ್ನು ಯಾರು ಉಂಡರು, ರುಚಿ ಹತ್ತಿತೋ ಇಲ್ಲವೋ, ಒಂದು ದಿನವೂ ಅವಳಿಗೆ ತಿಳಿದದ್ದಿಲ್ಲ. ಅದೇ ಅವಳ ದೊಡ್ಡ ಸಂಕಟ. ಕೇಳೋಣವೆಂದರೆ ಉಂಡವರು ಆಕಾಶದಲ್ಲಿ.

ಆದರೆ ಅವಳ ಕೈಯ ಜೋಳದ ರೊಟ್ಟಿಗೆ ಸಟನ್‌ನಿಂದ ಹಿಡಿದು ಹೌನ್ಸ್‌ಲೋವರೆಗೆ ಗಿರಾಕಿ ಇದ್ದರು. ಯುಗಾದಿಗೆ, ಸಂಕ್ರಾಂತಿಗೆ ಸೇರಿದವರೆಲ್ಲ, ಧಾರವಾಡದವರಿರಲಿ ಬೆಂಗಳೂರಿನವರಿರಲಿ, ವಾರಾವಾರ ಮಾಡಿಕೊಡಿ ಎಂದು ದುಂಬಾಲು ಬೀಳುತ್ತಿದ್ದರು. ಮಾಡುವುದೆಲ್ಲಿ? ಜೋಳದ ರೊಟ್ಟಿಯನ್ನು ಲಟ್ಟಿಸಲಿಕ್ಕೆ ಬರುವುದಿಲ್ಲ, ಬಡಿಯಬೇಕು. ಅವಳು ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಕೆಳಗಿನ ಮನೆಯವನು ಕಸಬರಿಗೆ ಹಿಡಿಯಿಂದ ತನ್ನ ಛತ್ತು ಬಡಿಯುತ್ತಿದ್ದ.

ಹೀಗಿರುವಾಗ, ಎರಡು ಸಾವಿರದ ಮೂರರಲ್ಲಿ, ಫೆಲ್ಥಮ್‌ನಲ್ಲಿ ಒಂದು ಮನೆ ನೋಡಿದರು. ಮನೆ ಸಾಧಾರಣ. ಆದರೆ ಹಿತ್ತಲ ತುದಿಗೆ ಇಟ್ಟಂಗಿಯದೊಂದು ಖೋಲಿ. ಒಳಗೆ ನಲ್ಲಿ, ಕರೆಂಟು, ಗಟ್ಟಿ ನೆಲ. ಗುರುದೇವಿ ಒಳಗೆ ಹೋಗಿ ಕಟ್ಟೆಯ ಮೇಲೆ ಅಂಗೈಯಿಂದ ಎರಡು ಸಲ ಬಡಿದು ನೋಡಿದಳು. ಆ ಸದ್ದು ಕೇಳಿ ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗೆ ಹಂಚು ಎಲ್ಲಿ, ಹಿಟ್ಟಿನ ಡಬ್ಬಿ ಎಲ್ಲಿ ಎಂದು ಅಲ್ಲೇ ಗೊತ್ತು ಮಾಡಿದಳು. ಆ ಖೋಲಿ ಇದ್ದದ್ದಕ್ಕೇ ಆ ಮನೆ. ಇಲ್ಲದಿದ್ದರೆ ಅಂಥವು ಓಣಿಗೆ ಹತ್ತು ಸಿಗುತ್ತಿದ್ದವು.

ಇನ್ನು ವಕೀಲರು ಬೇಕೆಂದರು. ಶಾಂತಪ್ಪ ಗಾಬರಿಯಾದ. ಮನೆ ಕೊಳ್ಳಲಿಕ್ಕೆ ವಕೀಲರೇಕೆ? ನಮ್ಮಲ್ಲಿ ವಕೀಲರ ಹತ್ತಿರ ಹೋಗುವುದು ಅಣ್ಣತಮ್ಮಂದಿರು ಕಚ್ಚಾಡಿದಾಗ. ಕೋರ್ಟು ಕಟ್ಟೆ ಹತ್ತಿದರೆ ಗೆದ್ದವ ಸೋತ, ಸೋತವ ಸತ್ತ. ಇಲ್ಲಿ ಹಾಗಲ್ಲವೆಂದು ಉಮಾಶಂಕರ ಸಮಾಧಾನ ಹೇಳಿದ. ಅವನು ಬೆಂಗಳೂರಿನವ, ಬ್ಯಾಂಕೊಂದರ ಕಂಪ್ಯೂಟರು ನೋಡಿಕೊಳ್ಳುವವ, ಸಟನ್‌ನಲ್ಲಿ ಮನೆ ಕೊಂಡು ಪಳಗಿದವ. ಇಲ್ಲಿ ಮನೆ ಕೈ ಬದಲಾಗಬೇಕಾದರೆ ಕಾಗದಪತ್ರ ಶೋಧಿಸಲು ಸಾಲಿಸಿಟರ್ ಇರಲೇಬೇಕು, ಜಗಳಕ್ಕೆ ಅಲ್ಲ, ಎಲ್ಲ ಫೋನಿನಲ್ಲೇ ಮುಗಿಸುವ ಕಂಪನಿಗಳಿವೆ, ಮನೆ ತೋರಿಸಿದ ಏಜೆಂಟೂ ಅಂಥದ್ದನ್ನೇ ಹೇಳುತ್ತಿದ್ದಾನೆ, ಒಪ್ಪಿಬಿಡಿ ಎಂದ. ಶಾಂತಪ್ಪ ಹೂಂ ಅಂದ.

"ಮಾರಿ ನೋಡದ ವಕೀಲ ಎಂಥಾಂವ್ರೀ?" ಅಂದಳು ಗುರುದೇವಿ.

ಶಾಂತಪ್ಪನಿಗೆ ಇನ್ನೊಂದು ಧೈರ್ಯವೂ ಇತ್ತು. ಸರ್ವೆ ಮುಗಿದಿತ್ತು. ಸರ್ವೆ ಆಯಿತೆಂದ ಮೇಲೆ ಜಾಗ ಅಳೆದು ಗಡಿಕಲ್ಲು ನೋಡಿದಂತೆಯೇ, ಇನ್ನು ಹೆದರಿಕೆ ಏನು ಎಂದು ಗೋದಾಮಿನವರಿಗೆಲ್ಲ ಪೇಡೆ ಹಂಚಿ ಬಂದಿದ್ದ. ಗುರುದೇವಿಯೂ ಹಾಗೇ ತಿಳಿದಿದ್ದಳು. ಆದರೆ ವರದಿ ಕೈಗೆ ಬಂದಾಗ ಕೂತು ಮೊದಲಿನಿಂದ ಕೊನೆಯವರೆಗೆ ಓದಿದಳು. ಛಾವಣಿಯ ಹಂಚು ಒಡೆದಿದೆ, ಗೋಡೆಗೆ ತೇವ ಹಿಡಿದಿದೆ, ಕಿಟಕಿಯ ಕಟ್ಟಿಗೆ ಮೆತ್ತಗಾಗಿದೆ, ಹಿತ್ತಲಲ್ಲಿ ಇಟ್ಟಂಗಿಯ ಕಟ್ಟಡವೊಂದಿದೆ. ಅಷ್ಟೇ. ಇಷ್ಟು ಉದ್ದ, ಇಷ್ಟು ಅಗಲ, ಮೂಡಲಿಗೆ ಇಂಥವರು, ಊಹೂಂ. ಮತ್ತೊಮ್ಮೆ ಓದಿದಳು. ಈ ದೇಶದಲ್ಲಿ ಸರ್ವೆ ಅಂದರೆ ಮನೆಗೆ ಡಾಕ್ಟರು ಬಂದು ನಾಡಿ ನೋಡಿ ಹೋದ ಹಾಗೆ, ಜಾಗಕ್ಕೆ ಯಾರೂ ಸರಪಳಿ ಮುಟ್ಟಿಸಿಲ್ಲ ಎಂದು ಆಗ ಅವಳಿಗೆ ತಿಳಿಯಿತು. ಹಾಗಾದರೆ ಗಡಿ ನೋಡುವವರು ಯಾರು? ಇಲ್ಲಿಂದ ಅವಳ ತಲೆಗೆ ಹುಳ ಹೊಕ್ಕಿತು ನೋಡಿ, ಇನ್ನು ಅವಳನ್ನು ಹಿಡಿಯುವವರಿಲ್ಲ.

ಸಾಲಿಸಿಟರನ್ನು ಆರಿಸುವುದಕ್ಕೆ ಒಂದೇ ಪ್ರಶ್ನೆ ಇಟ್ಟುಕೊಂಡಳು: ಈ ಮನೆಯ ನಾಲ್ಕೂ ದಿಕ್ಕಿಗೆ ಯಾರಿದ್ದಾರೆ? ಮೊದಲು ಫೋನಿನ ಕಂಪನಿ. ಮೂರು ಸಲ ಮಾಡಿದರೆ ಮೂರು ದನಿ, ಮೂವರಿಗೂ ಮೊದಲಿನಿಂದ ಕತೆ ಹೇಳಬೇಕು. ಆ ಪ್ರಶ್ನೆ ತಮ್ಮ ಕೆಲಸದಲ್ಲಿ ಬರುವುದಿಲ್ಲ ಎಂದು ಮೂರನೆಯದು ಹೇಳಿತು. ಆಮೇಲೆ ಹೈ ಸ್ಟ್ರೀಟಿನ ಗಾಜಿನ ಬಾಗಿಲಿನ ಆಫೀಸು. ಅಲ್ಲಿನ ತರುಣ ನಯವಾಗಿ ನಕ್ಕು, ಬೇಲಿ ಇದೆಯಲ್ಲ ಮೇಡಮ್, ಬೇಲಿಯೇ ಗಡಿ ಎಂದ. ಬೇಲಿಗೆ ಕಾಲಿರುತ್ತವೆಂಬುದು ಬೈಲಹೊಂಗಲದ ಎಳೆ ಕೂಸಿಗೂ ಗೊತ್ತು. ಗುರುದೇವಿ ಥ್ಯಾಂಕ್ಯೂ ಎಂದು ಎದ್ದು ಬಂದಳು.

ಮೂರನೆಯವನು ಟ್ರೆಂಟ್ ಎಂಬ ಮುದುಕ. ಚಪ್ಪಲಿ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆಯ ಆಫೀಸು, ಕುರ್ಚಿಯ ಮೇಲೂ ಫೈಲು. ಪ್ರಶ್ನೆ ಕೇಳಿದೊಡನೆ ಆತ ಕನ್ನಡಕ ತೆಗೆದು ಅವಳನ್ನು ನೋಡಿದ. ಮನೆ ಆ ರಸ್ತೆಯ ಯಾವ ಬದಿಗೆ ಎಂದು ತಾನೇ ಕೇಳಿದ. ಹೇಳಿದಳು. ಹಿತ್ತಲಲ್ಲಿ ಇಟ್ಟಂಗಿಯದೇನಾದರೂ ಇದೆಯೇ ಎಂದ. ಇದೆ ಎಂದಳು ಗುರುದೇವಿ. ಮೂವತ್ತು ವರ್ಷದಿಂದ ಆ ರಸ್ತೆಯ ಅರ್ಧ ಮನೆಗಳ ಕಾಗದ ತನ್ನ ಮೇಜಿನ ಮೇಲೆಯೇ ಹಾದುಹೋಗಿವೆ, ಆ ಬದಿಯ ಹಿತ್ತಲುಗಳು ನಕ್ಷೆಯಲ್ಲಿ ಗಿಡ್ಡ, ಕಣ್ಣಿಗೆ ಉದ್ದ ಎಂದ ಟ್ರೆಂಟ್. ತಾನು ಮನೆ ನೋಡಲು ಬರುವುದಿಲ್ಲ, ಯಾವ ಸಾಲಿಸಿಟರನೂ ಬರುವುದಿಲ್ಲ. ಆದರೆ ಸರ್ಕಾರದ ದಾಖಲೆಯಿಂದ ನಕ್ಷೆ ತರಿಸಿ ಕೊಡುತ್ತೇನೆ, ಅಳೆಯುವುದು ನಿನ್ನ ಕೆಲಸ ಎಂದ.

ಇವನೇ ಸರಿ ಎಂದು ಅವಳು ಅಲ್ಲೇ ಸಹಿ ಹಾಕಿದಳು.

ನಕ್ಷೆ ಬಂತು. ಕೆಂಪು ಗೆರೆಯ ಒಳಗಿನದೆಲ್ಲ ಮನೆಗೆ ಸೇರಿದ್ದು. ಏಜೆಂಟನನ್ನು ಕಾಡಿ ಬೇಡಿ ಇನ್ನೊಮ್ಮೆ ಮನೆ ನೋಡಲು ಹೋದರು. ಗುರುದೇವಿ ಟೇಪಿನ ಒಂದು ತುದಿ ಶಾಂತಪ್ಪನ ಕೈಗೆ ಕೊಟ್ಟು, ಹಿಂಬಾಗಿಲಿಗೆ ನಿಲ್ಲಿಸಿ, ಅಳೆಯುತ್ತ ನಡೆದಳು. ಕೆಂಪು ಗೆರೆ ಖೋಲಿಗಿಂತ ಹತ್ತು ಹೆಜ್ಜೆ ಈಚೆಗೇ ಮುಗಿಯಿತು. ಎರಡನೆಯ ಸಲ ಅಳೆದಳು. ಮೂರನೆಯ ಸಲ ಶಾಂತಪ್ಪ ಟೇಪು ಕೆಳಗೆ ಹಾಕಿದ.

"ನಿನ್ನ ಯಾರ ಕೇಳಂದ್ರು?" ಅಂದ. "ಸುಮ್ಮ ಇದ್ದಿದ್ರ ಖೋಲಿ ನಮ್ಮದ ಇತ್ತು."

ಗುರುದೇವಿಗೆ ಅಳು ಬಂತು, ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತಳು. ಗಂಡ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಟ್ರೆಂಟ್ ಎಲ್ಲ ಬಿಡಿಸಿ ಹೇಳಿದ. ಆ ತುಂಡು ಹಿಂದಿನ ಮನೆಯ ಡೊರೀನ್ ಎಂಬ ಮುದುಕಿಯ ಹೆಸರಿನಲ್ಲಿದೆ. ಎಂಟು ವರ್ಷದ ಹಿಂದೆ ಈ ಮನೆಯವನು ಬೇಲಿ ಸರಿಸಿ ಖೋಲಿ ಕಟ್ಟಿಕೊಂಡಿದ್ದಾನೆ, ಆಕೆ ತಕರಾರು ಮಾಡಿಲ್ಲ. ಇಂಥದ್ದಕ್ಕೆ ಒಂದು ವಿಮೆ ಸಿಗುತ್ತದೆ, ಮಾರುವವನಿಂದಲೇ ಅದರ ಹಣ ಕಟ್ಟಿಸೋಣ. ನಾಳೆ ಆಕೆ ಜಗಳ ತೆಗೆದರೆ ವಿಮೆಯವರು ನಷ್ಟ ತುಂಬುತ್ತಾರೆ. ಸುಮ್ಮನೆ ಇದ್ದು ಇನ್ನೂ ಕೆಲವು ವರ್ಷ ಕಳೆದರೆ ಜಾಗ ನಿಮ್ಮದೇ ಆದರೂ ಆದೀತು. ಆದರೆ ಒಂದು ಕರಾರು: ಡೊರೀನಳನ್ನು ಯಾರೂ ಏನೂ ಕೇಳಿರಬಾರದು. ಒಮ್ಮೆ ಕೇಳಿದಿರೋ, ವಿಮೆಯೂ ಇಲ್ಲ, ಆಸೆಯೂ ಇಲ್ಲ.

ಊರಿಗೆಲ್ಲ ಪ್ರಶ್ನೆ ಕೇಳಿ ಕೇಳಿ ಹುಡುಕಿದ ವಕೀಲ ಕೊಟ್ಟ ಸಲಹೆ, ಕೇಳಬೇಡ! ಶಾಂತಪ್ಪನಿಗೆ ಹೋದ ಜೀವ ಬಂದಂತಾಯಿತು. ಅವನು ಹೂಂ ಅಂದ. ಉಮಾಶಂಕರನೂ ಫೋನಿನಲ್ಲಿ ಹೂಂ ಅಂದ.

ಗುರುದೇವಿ ಒಂದು ವಾರ ತಡೆದುಕೊಂಡಳು. ಅದು ಅವಳ ಜನ್ಮದಲ್ಲೇ ದೊಡ್ಡ ತಪಸ್ಸು. ಆಮೇಲೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಗಂಡನಿಗೆ ಹೇಳಿದಳು:

"ರೊಟ್ಟಿ ಕದ್ದು ಬಡಿಯಾಕ ಬರಂಗಿಲ್ರೀ. ಬಡದಾಗೊಮ್ಮೆ ಬೇಲಿ ಆಚೆ ಆ ಮುದುಕಿ ಕೇಳತಾಳ. ತನ್ನ ಜಾಗಾದಾಗ ಯಾರೋ ಬಡಿಯಾಕ ಹತ್ಯಾರಂತ ಆಕಿಗೆ ಗೊತ್ತಿರತೈತಿ. ನನ್ನ ಕೈ ಏಳಂಗಿಲ್ಲ."

ಶಾಂತಪ್ಪ ಈ ಸಲ ಹೂಂ ಅನ್ನಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಬೇಡ ಎಂದು ಬೇಡಿಕೊಂಡ, ಸಿಟ್ಟು ಮಾಡಿದ, ಕೊನೆಗೆ ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಹೋದ. ಅವಳು ಬಸ್ಸು ಹಿಡಿದು ಫೆಲ್ಥಮ್‌ಗೆ ಹೋದಳು.

ಡೊರೀನಳ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಜೋರಾಗಿ ತಟ್ಟಿದಳು. ಕಿಟಕಿಯಲ್ಲಿ ಮುದುಕಿ ಹೂಕುಂಡಕ್ಕೆ ನೀರು ಹಾಕುತ್ತಿದ್ದದ್ದು ಕಾಣುತ್ತಿತ್ತು. ಗುರುದೇವಿ ಕಿಟಕಿಯ ಮುಂದೆ ಹೋಗಿ ಕೈ ಆಡಿಸಿದ ಮೇಲೆ ಆಕೆ ನೋಡಿ, ನಗುತ್ತ ಬಾಗಿಲು ತೆರೆದಳು. ಎರಡೂ ಕಿವಿ ತೋರಿಸಿ ಕೈ ಅಲ್ಲಾಡಿಸಿದಳು. ಏನೇನೂ ಕೇಳಿಸುವುದಿಲ್ಲವಂತೆ, ಹನ್ನೆರಡು ವರ್ಷವಾಯಿತಂತೆ. ಒಳಗೆ ಕರೆದು ಕೂರಿಸಿ, ಒಂದು ನೋಟ್‌ಬುಕ್ಕು, ಪೆನ್ನು ಮುಂದಿಟ್ಟಳು. ಏನು ಹೇಳುವುದಿದ್ದರೂ ಅದರಲ್ಲಿ ಬರೆಯಬೇಕು.

ಗುರುದೇವಿ ಪೆನ್ನು ಹಿಡಿದು ಕೂತಳು. ಅಯ್ಯೋ ಶಿವನೇ, ಈಕೆಗೆ ನಗಾರಿ ಬಾರಿಸಿದರೂ ಕೇಳುವುದಿಲ್ಲ. ಹಗಲೆಲ್ಲ ರೊಟ್ಟಿ ಬಡಿದರೂ ಇಲ್ಲಿಗೆ ಸುದ್ದಿ ಮುಟ್ಟುವುದಿಲ್ಲ. ಬೆಳಿಗ್ಗೆ ಗಂಡನಿಗೆ ಹೇಳಿದ ಕಾರಣ ಈ ಹೊಸ್ತಿಲ ಮೇಲೆ ಬಿದ್ದುಹೋಯಿತು. ಹೊಸದಾಗಿ ಬರುವವಳು, ಮಾತಾಡಿಸಿ ಹೋಗಲು ಬಂದೆ ಎಂದು ಬರೆದು ಎದ್ದರೆ ಮುಗಿಯಿತು. ಖೋಲಿ ತನ್ನದು, ವಿಮೆ ತನ್ನದು, ಗಂಡನ ನಗುಮುಖ ತನ್ನದು. ಹಾಗೇ ಬರೆಯಲು ಶುರುವೂ ಮಾಡಿದಳು. ಹೆಸರು ಬರೆದಳು. ಕೊಳ್ಳಲಿರುವ ಮನೆಯ ನಂಬರು ಬರೆದಳು. ಡೊರೀನ್ ನಂಬರು ಓದಿ ತಲೆ ಎತ್ತಿ ಹಿಂದಿನ ಕಿಟಕಿಯ ಕಡೆ ನೋಡಿದಳು. ಅಲ್ಲಿಂದ ಖೋಲಿಯ ಬೆನ್ನು ಕಾಣುತ್ತಿತ್ತು. ಆ ಕುರ್ಚಿಯಲ್ಲಿ ಕೂತರೆ ದಿನವೂ ಕಾಣುವಂಥದ್ದು ಅದು. ಕಿವಿ ಇಲ್ಲದಿದ್ದರೇನು, ಎಂಟು ವರ್ಷ ಈಕೆ ಅದನ್ನು ನೋಡುತ್ತಲೇ ಇದ್ದಾಳೆ.

ಗುರುದೇವಿ ನಂಬರಿನ ಕೆಳಗೆ ಬರೆದಳು: ಆ ಖೋಲಿ ನಿಂತ ಜಾಗ ನಿಮ್ಮದು. ನನಗೆ ಅದು ಬೇಕು, ರೊಟ್ಟಿ ಮಾಡಲು. ಬಳಸಲೇ?

ಮುದುಕಿ ಓದಿದಳು. ಇನ್ನೊಮ್ಮೆ ಓದಿದಳು. ರೊಟ್ಟಿ ಎಂಬ ಮಾತಿನ ಕೆಳಗೆ ಬೆರಳಿಟ್ಟು ಏನದು ಎಂದು ಹುಬ್ಬು ಹಾರಿಸಿದಳು. ಗುರುದೇವಿ ಮೇಜಿನ ಮೇಲೆ ಅಂಗೈ ಬಡಿದು ತೋರಿಸಿದಳು. ಮೇಜಿನ ಇನ್ನೊಂದು ಅಂಚಿಗೆ ಡೊರೀನಳ ಕೈ ಇತ್ತು. ಅದರುವುದು ತಿಳಿದು ಆಕೆ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿ ಬಂತು. ಪೆನ್ನು ಎಳೆದುಕೊಂಡು ನಿಧಾನವಾಗಿ ಬರೆದಳು: ಆ ಬೇಲಿ ಸರಿಸಿದ್ದು ನನ್ನ ಗಂಡನನ್ನು ಮಣ್ಣು ಮಾಡಿದ ವಾರ. ಜಗಳಕ್ಕೆ ಶಕ್ತಿ ಇರಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ. ಜಾಗ ನನ್ನದು, ಮಾರುವುದಿಲ್ಲ. ನೀನು ಬಳಸು. ವರ್ಷಕ್ಕೊಮ್ಮೆ ಬಂದು ಹೀಗೇ ಕೇಳು. ಹಾಳೆ ಹರಿದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟಳು.

ಟ್ರೆಂಟ್ ಆ ಹಾಳೆಯನ್ನು ಓದಿ ಫೈಲಿಗೆ ಸೇರಿಸಿಕೊಂಡ. ವಿಮೆ ಹೋಯಿತು. ಮಾರುವವನು ಕೂಗಾಡಿ, ಕೊನೆಗೆ ಖೋಲಿಯನ್ನು ಲೆಕ್ಕದಿಂದ ಬಿಟ್ಟು ಮನೆಯ ಬೆಲೆ ಇಳಿಸಿದ. ಖರೀದಿ ಮುಗಿದ ಮೇಲೆ ಸಾಲಿಸಿಟರನ ಪತ್ರ ಬಂತು. ಶಾಂತಪ್ಪ ಅದನ್ನು ಹೊಸ ಮನೆಯ ಬರಿ ನೆಲದ ಮೇಲೆ ಕೂತು ಬೆರಳಿಟ್ಟು ಓದಿದ.

"ಅನುಮತಿ ಕೇಳಿ ತಗೊಂಡಿದ್ದಕ್ಕ, ಇನ್ನ ನೂರು ವರ್ಷ ಬಳಸಿದ್ರೂ ಅದು ನಮ್ಮದು ಆಗಂಗಿಲ್ಲಂತ ಬರದಾನ ನೋಡು," ಅಂದ. ದನಿಯಲ್ಲಿ ಇನ್ನೂ ಸಿಟ್ಟಿತ್ತು.

"ಆಗೂದು ಬ್ಯಾಡ್ರಿ," ಅಂದಳು ಗುರುದೇವಿ, ಹಿಟ್ಟಿನ ಚೀಲ ಹೊತ್ತು ಹಿತ್ತಲಿಗೆ ನಡೆಯುತ್ತ. "ಕೈ ಎದ್ರ ಸಾಕು."