ಹೇಳಿ ಕೊಡಿಸಿದ ಹದಿನೇಳು ನಡಿಗೆ

ಆರ್ವೆಲ್ಲಾ ಸ್ಟ್ಯಾನ್ಸಿಲ್ ಅವರ ಕಾಗದ ಜುಲೈ ಮೊದಲ ವಾರ ಬಂತು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ಪೆನ್ಸಿಲ್ ಅಕ್ಷರ. 'ನನ್ನ ಮಗ ಡೆಲ್ಮರ್ ಹೋದ ವರ್ಷ ನಿಮ್ಮ ಊರಿನ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಪಿಚರ್ ಆಗಿದ್ದ. ಈಗ ಅವನಿಲ್ಲ. ಅವನು ಆಡಿದ ಜಾಗ ನೋಡಬೇಕು ಅನ್ನಿಸಿದೆ. ಹದಿನಾರನೇ ತಾರೀಖು ಭಾನುವಾರ ಬಸ್ಸಿಗೆ ಬರುತ್ತೇನೆ. ಅಂಕಿ ಬರೆಯುವ ಮೇಡಂ ಬಗ್ಗೆ ಅವನು ತುಂಬ ಹೇಳುತ್ತಿದ್ದ. ನಿಮ್ಮನ್ನೂ ನೋಡಬೇಕು.'

ಅಂಕಿ ಬರೆಯುವ ಮೇಡಂ ಎಂದರೆ ನಾನೇ, ವೆರ್ನಾ ಲಿಡಿಕ್. ಹಾರ್ಲನ್ ಫೆರಿ ಎಂಬ ನಮ್ಮ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಹೇಳಿಕೊಟ್ಟವಳು, ಬೇಸಿಗೆಯಲ್ಲಿ ನದಿ ದಡದ ಮೈದಾನದಲ್ಲಿ ಕೂತು ಪಂದ್ಯದ ಲೆಕ್ಕ ಬರೆಯುವವಳು. ಆ ತಾಯಿಗೆ ನಾನು ಒಂದು ಮಾತು ಹೇಳಬೇಕಿತ್ತು. ಮಾರ್ಚಿ ತಿಂಗಳಿಂದ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಆಕೆಯೇ ಬರುತ್ತಾಳೆ ಎಂದಾಗ ಮೊದಲು ಬಂದ ಯೋಚನೆ, ಆ ಭಾನುವಾರ ಊರಲ್ಲಿ ಇರದಂತೆ ಎಲ್ಲಿಗಾದರೂ ಹೋಗಿಬಿಡೋಣ ಎಂಬುದು. ನಾಚಿಕೆಗೇಡಿನ ಯೋಚನೆ, ಆದರೂ ಬಂದದ್ದು ನಿಜ.

ನಮ್ಮದು ಸಣ್ಣ ತಂಡ. ದೊಡ್ಡ ನಗರದ ದೊಡ್ಡ ತಂಡದವರು ತಮ್ಮ ಹೊಸ ಹುಡುಗರನ್ನು ಪಳಗಿಸಲು ಇಲ್ಲಿಗೆ ಕಳಿಸುತ್ತಾರೆ. ಯಾರು ಮೇಲಕ್ಕೆ, ಯಾರು ಮನೆಗೆ ಎಂಬುದನ್ನು ಮೊದಲೆಲ್ಲ ಗೆಲುವು ಸೋಲು ನೋಡಿ ತೀರ್ಮಾನಿಸುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಪಿಚರ್ ಚೆನ್ನಾಗಿ ಎಸೆದರೂ ಹಿಂದೆ ನಿಂತವನು ಚೆಂಡು ಕೈಬಿಟ್ಟರೆ ಪಂದ್ಯ ಹೋಗುತ್ತದೆ, ಕೆಟ್ಟದಾಗಿ ಎಸೆದರೂ ಗಾಳಿ ಎದುರಾಗಿ ಬೀಸಿದರೆ ಉಳಿಯುತ್ತದೆ. ಹಾಗಿರುವಾಗ ಅವನ ಸ್ವಂತದ್ದು ಏನು? ಎರಡೇ. ಬ್ಯಾಟಿಗೆ ಸಿಗದ ಮೂರು ಸ್ಟ್ರೈಕ್ ಎಸೆದು ಬ್ಯಾಟರನ್ನು ಔಟ್ ಮಾಡಿದರೆ ಅದು ಸ್ಟ್ರೈಕ್‌ಔಟ್. ನಾಲ್ಕು ಚೆಂಡು ಅಳತೆ ಮೀರಿ ಆಚೆ ಎಸೆದರೆ ಬ್ಯಾಟರ್ ಬ್ಯಾಟು ಕೆಳಗಿಟ್ಟು ಆರಾಮಾಗಿ ಓಟದ ಮೊದಲ ನಿಲ್ದಾಣ, ಅಂದರೆ ಮೊದಲ ಬೇಸ್‌ಗೆ ನಡೆದುಕೊಂಡು ಹೋಗುತ್ತಾನೆ, ಅದು ನಡಿಗೆ. ಈ ಎರಡರಲ್ಲಿ ಬೇರೆ ಯಾರ ಕೈಯೂ ಇಲ್ಲ. ಒಬ್ಬನನ್ನು ತೂಗುವುದಾದರೆ ಅವನ ಸ್ವಂತದ್ದರಿಂದಲೇ ತೂಗಬೇಕು ಎಂದು ನಾನು ನಗರದ ಆಫೀಸಿಗೆ ಆರು ವರ್ಷ ಕಾಗದ ಬರೆದೆ. ಏಳನೇ ವರ್ಷ ಒಪ್ಪಿಕೊಂಡರು. ಸ್ಟ್ರೈಕ್‌ಔಟು ನಡಿಗೆಯ ಎರಡರಷ್ಟಾದರೂ ಇರಬೇಕು, ಇಲ್ಲದವನು ಮನೆಗೆ. ವಾರಕ್ಕೊಮ್ಮೆ ನನ್ನ ಪಟ್ಟಿ ಹೋಗುತ್ತಿತ್ತು. ನನಗೆ ಎಷ್ಟು ಜಂಬ ಬಂದಿತ್ತೆಂದರೆ, ಕಟುಕನ ಅಂಗಡಿಯಲ್ಲೂ ಅದನ್ನೇ ಹೇಳಿಕೊಂಡು ಬರುತ್ತಿದ್ದೆ.

ಡೆಲ್ಮರ್ ನಾರ್ತ್ ಕ್ಯಾರೊಲೈನಾದ ತಂಬಾಕು ಬೆಳೆಯುವ ಕಡೆಯವನು, ಎಡಗೈಯವನು, ಮಾತು ಕಡಿಮೆ. ಅವನ ಚೆಂಡು ಕೊನೇ ಗಳಿಗೆಯಲ್ಲಿ ಕೆಳಗೆ ಇಳಿಯುತ್ತಿತ್ತು. ಹೊಡೆದವರೆಲ್ಲ ನೆಲಕ್ಕೇ ಹೊಡೆಯುತ್ತಿದ್ದರು. ನಮ್ಮ ಮ್ಯಾನೇಜರ್ ಓಟಿಸ್ ರಾಸ್ಕೊಗೆ ಇದು ಹಬ್ಬ. ಎದುರಿಗೆ ಬಲವಾದ ಬ್ಯಾಟರ್ ಬಂದು ಮೊದಲ ಬೇಸ್ ಖಾಲಿ ಇದ್ದರೆ ಸಾಕು, ರಾಸ್ಕೊ ಕೂತಲ್ಲಿಂದಲೇ ನಾಲ್ಕು ಬೆರಳು ಎತ್ತುತ್ತಿದ್ದ. ಬೇಕೆಂದೇ ನಾಲ್ಕು ಚೆಂಡು ಆಚೆ ಎಸೆದು ಅವನನ್ನು ನಡೆಸಿಬಿಡು ಎಂದು ಅದರ ಅರ್ಥ. ಕ್ಯಾಚರ್ ಎದ್ದು ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದ, ಡೆಲ್ಮರ್ ಮೆಲ್ಲಗೆ ನಾಲ್ಕು ಎಸೆಯುತ್ತಿದ್ದ. ಮುಂದಿನವನು ನೆಲಕ್ಕೆ ಹೊಡೆಯುತ್ತಿದ್ದ, ಒಂದೇ ಏಟಿಗೆ ನಡೆದು ಹೋದವನೂ ಹೊಡೆದವನೂ ಇಬ್ಬರೂ ಔಟ್.

ಒಂದು ದಿನ ಪಂದ್ಯ ಮುಗಿದ ಮೇಲೆ ಡೆಲ್ಮರ್ ನನ್ನ ಮೇಜಿನ ಹತ್ತಿರ ಬಂದು ಟೋಪಿ ತೆಗೆದು ನಿಂತ.

"ಮೇಡಂ, ಒಂದ್ ಮಾತು. ರಾಸ್ಕೊ ಅವ್ರು ಬೆರಳೆತ್ತಿ ಕೊಡಿಸಿದ್ದನ್ನೂ ನನ್ನ ನಡಿಗೆಗೇ ಸೇರಿಸ್ತೀರಾ?"

"ಎಸೆದದ್ದು ಯಾರ ಕೈ?"

"ನಂದೇ."

"ಮತ್ತೆ? ನಡಿಗೆ ಅಂದ್ರೆ ನಡಿಗೆ ಕಣಪ್ಪ. ಒಂದೊಂದಕ್ಕೂ ಒಂದೊಂದು ಕಥೆ ಕೇಳ್ತಾ ಕೂತ್ರೆ ನನ್ನ ಪಟ್ಟಿ ಪುರಾಣ ಆಗುತ್ತೆ."

ಅವನು ಕಿವಿ ಕೆರೆದುಕೊಂಡು ನಕ್ಕ. "ಸರಿ ಮೇಡಂ" ಎಂದು ಹೋದ. ಆ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ನಾಳೆ ಎಸೆಯಬೇಕಾದ ಪಿಚರ್ ಇವತ್ತು ಆಡುವುದಿಲ್ಲ. ಬ್ಯಾಟರ್ ನಿಲ್ಲುವ ಪ್ಲೇಟಿನ ನೇರ ಹಿಂದೆ, ಜನರ ನಡುವೆ ಹಲಗೆ ಹಿಡಿದು ಕೂತು, ಇವತ್ತಿನವನ ಒಂದೊಂದು ಎಸೆತವನ್ನೂ ಗುರುತು ಹಾಕುತ್ತಾನೆ. ಆಗಸ್ಟಿನ ಮೂರನೇ ಶನಿವಾರ ಮಧ್ಯಾಹ್ನ ಆ ಸೀಟಿನಲ್ಲಿ ಡೆಲ್ಮರ್ ಕೂತಿದ್ದ. ಒಂಬತ್ತು ಇನ್ನಿಂಗ್ಸ್‌ನ ಆಟ, ಏಳನೆಯದರಲ್ಲಿ ಮೈದಾನದ ಆಫೀಸಿನಿಂದ ಅವನಿಗೆ ಕರೆ ಬಂತು. ಹಲಗೆಯನ್ನು ಸೀಟಿನ ಮೇಲಿಟ್ಟು ಹೋದ. ನಗರದವರು ಫೋನಿನಲ್ಲಿ ಎರಡೇ ಮಾತಿನಲ್ಲಿ ಮುಗಿಸಿದರಂತೆ. ಸ್ಟ್ರೈಕ್‌ಔಟ್ ಎಂಬತ್ತನಾಲ್ಕು, ನಡಿಗೆ ಐವತ್ತೆರಡು, ಎರಡರಷ್ಟಿಲ್ಲ. ಪಂದ್ಯ ಮುಗಿಯುವ ಹೊತ್ತಿಗೆ ಅವನ ಟ್ರಕ್ ಊರು ದಾಟಿತ್ತು. ಭಾನುವಾರ ಬೇರೆ ಯಾರೋ ಎಸೆದರು.

ಮಾರ್ಚಿಯಲ್ಲಿ ಪೇಪರಿನ ಮೂಲೆಯಲ್ಲಿ ಆರು ಸಾಲು ಸುದ್ದಿ ಬಂತು. ಬೇರೊಂದು ತಂಡದ ಆಯ್ಕೆಗೆ ಹೊರಟಿದ್ದ ಡೆಲ್ಮರ್ ಸ್ಟ್ಯಾನ್ಸಿಲ್, ಇಪ್ಪತ್ಮೂರು ವರ್ಷ, ರೈಲ್ವೆ ಗೇಟಿನಲ್ಲಿ ಟ್ರಕ್ಕಿಗೆ ರೈಲು ಹೊಡೆದು ತೀರಿಕೊಂಡ. ನಾನು ಚಹಾ ಲೋಟ ಕೆಳಗಿಟ್ಟು ಹಳೇ ಪುಸ್ತಕ ತೆಗೆದೆ. ಯಾಕೆ ತೆಗೆದೆನೋ ಗೊತ್ತಿಲ್ಲ. ಪಂದ್ಯ ಪಂದ್ಯವಾಗಿ ಎಣಿಸಿದೆ. ಐವತ್ತೆರಡರಲ್ಲಿ ಹದಿನೇಳು ರಾಸ್ಕೊ ಬೆರಳೆತ್ತಿ ಕೊಡಿಸಿದವು. ತೆಗೆದುಹಾಕಿದರೆ ಮೂವತ್ತೈದು. ಎಂಬತ್ತನಾಲ್ಕಕ್ಕೆ ಮೂವತ್ತೈದು ಎಂದರೆ ಇಡೀ ತಂಡದಲ್ಲಿ ಅವನಿಗಿಂತ ಮುಂದೆ ಒಬ್ಬನೇ ಒಬ್ಬ. ಸ್ವಂತದ್ದರಿಂದಲೇ ತೂಗಬೇಕು ಎಂದು ಆರು ವರ್ಷ ಜಗಳವಾಡಿದವಳು ನಾನು, ಆ ಹುಡುಗನ ತಟ್ಟೆಗೆ ಅವನದಲ್ಲದ್ದನ್ನು ಹಾಕಿ ತೂಗಿದ್ದೆ.

ರಾಸ್ಕೊಗೆ ಹೇಳಿದೆ. ಅವನು ತಂಬಾಕು ಜಗಿಯುವುದನ್ನು ನಿಲ್ಲಿಸಿದ.

"ಆ ಹುಡುಗನ ಮೇಲೆ ನಂಗೆ ನಂಬಿಕೆ ಇತ್ತು ತಾಯಿ. ಅದಕ್ಕೇ ಅವನ ಕೈಲಿ ಕೊಡಿಸ್ತಿದ್ದೆ. ಬೇರೆಯೋರಾಗಿದ್ರೆ ಬೆರಳೇ ಎತ್ತುತ್ತಿರ್ಲಿಲ್ಲ."

"ನೀನು ಆಫೀಸಿಗೆ ಹೇಳಬೋದಿತ್ತಲ್ಲ!"

"ನನ್ನ ಮಾತು ಯಾರು ಕೇಳ್ತಾರೆ? ನಿನ್ನ ಪಟ್ಟಿ ಬಂದ್ಮೇಲೆ ಮ್ಯಾನೇಜರ್ ಅಂದ್ರೆ ಗಂಟೆ ಹೊಡೆಯೋ ಜವಾನ ಅಷ್ಟೆ." ಆಮೇಲೆ ಅವನಿಗೇ ಪಾಪ ಅನ್ನಿಸಿತೇನೋ, "ರೈಲು ನಿನ್ನ ಕಾಗದದ ಮೇಲೆ ಓಡ್ಲಿಲ್ಲ ಬಿಡು ವೆರ್ನಾ" ಎಂದ.

ಏಪ್ರಿಲ್‌ನಲ್ಲಿ ಆಟ ಶುರುವಾಯಿತು. ನಮ್ಮ ಮೈದಾನದ ಸೀಟುಗಳಿಗೆ ಸ್ಪ್ರಿಂಗ್ ಇದೆ, ಎದ್ದರೆ ತಾನೇ ಮಡಚಿಕೊಳ್ಳುತ್ತವೆ. ಏಳನೇ ಇನ್ನಿಂಗ್ಸ್‌ನಲ್ಲಿ ಜನರೆಲ್ಲ ರೂಢಿಯಂತೆ ಮೈ ಮುರಿಯಲು ಎದ್ದು ನಿಂತಾಗ ಸೀಟುಗಳೂ ಪಟಪಟ ಮಡಚಿಕೊಂಡವು. ಪ್ಲೇಟಿನ ಹಿಂದಿನ ಒಂದು ಸೀಟು ಮಾತ್ರ ಹಾಗೇ ಬಿಚ್ಚಿಕೊಂಡು ಇತ್ತು. ಅದರ ಮೇಲೆ ಯಾರೂ ಇರಲಿಲ್ಲ. ಸ್ಪ್ರಿಂಗ್ ಸತ್ತಿದೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಹೋಗಿ ಒತ್ತಿ ಬಿಟ್ಟು ನೋಡಿದೆ, ಬೆರಳು ಚಚ್ಚುವ ಹಾಗೆ ಮಡಚಿಕೊಂಡಿತು.

ಮೇ ತಿಂಗಳಲ್ಲಿ ನೆಲ್ಸನ್ ಉರ್ದಾನೆಟಾ ಗುರುತಿನ ಹಾಳೆ ತಂದುಕೊಟ್ಟ. ವೆನೆಜುವೆಲಾದ ಪಿಚರ್, ಬಾಯಿ ತುಂಬ ನಗುವವನು. ಅವತ್ತು ನಗಲಿಲ್ಲ.

"ಟೀಚರಮ್ಮ, ಆರನೇ ಇನ್ನಿಂಗ್ಸ್‌ವರೆಗೂ ನಾನೇ ಬರ್ದಿದ್ದು. ಆಮೇಲಿಂದು ನಂದಲ್ಲ."

"ಮತ್ಯಾರದ್ದು, ನಿಮ್ಮಜ್ಜಿದಾ?"

"ತಮಾಷೆ ಮಾಡ್ಬೇಡಿ. ನೀರು ಕುಡಿಯೋಕೆ ಹೋಗಿದ್ದೆ, ಸಿಕ್ಕಾಪಟ್ಟೆ ಕ್ಯೂ ಇತ್ತು. ಬಂದಾಗ ಆಟ ಮುಗೀತಾ ಬಂದಿತ್ತು, ಎಲ್ಲ ಬರ್ದಿತ್ತು. ನಾನು ಇನ್ನು ಆ ಸೀಟಲ್ಲಿ ಕೂರಲ್ಲ."

ಏಳನೇ ಇನ್ನಿಂಗ್ಸ್‌ನಿಂದ ಗುರುತುಗಳು ಎಡಕ್ಕೆ ವಾಲಿದ್ದವು, ಎಡಗೈಯವರು ಬರೆಯುವ ಹಾಗೆ. ಎಂಟನೆಯದರಲ್ಲಿ ರಾಸ್ಕೊ ಒಂದು ನಡಿಗೆ ಕೊಡಿಸಿದ್ದ. ನಡಿಗೆಗೆ ನಾವು ಹಾಕುವ ಸೊನ್ನೆ ಪಿಚರ್‌ನ ಕಾಲಮ್ಮಿನಲ್ಲಿ ಇರಲಿಲ್ಲ. ಹಾಳೆಯ ತಲೆಯಲ್ಲಿ ಮ್ಯಾನೇಜರ್ ಹೆಸರು ಅಚ್ಚಾಗಿರುತ್ತದಲ್ಲ, ಅದರ ಕೆಳಗೆ ಇತ್ತು.

ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ವಯಸ್ಸಾಯ್ತು ಪಾಪ ಎನ್ನುತ್ತಿದ್ದರು. ಆಮೇಲೆ ಇನ್ನೂ ನಾಲ್ಕು ಹಾಳೆ ಹಾಗೇ ಬಂದವು. ಎಲ್ಲದರಲ್ಲೂ ಏಳನೆಯದರಿಂದ ಆ ವಾಲಿದ ಗುರುತು, ರಾಸ್ಕೊ ಹೆಸರಿನ ಕೆಳಗೆ ಆ ಸೊನ್ನೆ. ಸಿಟ್ಟು, ಬೈಗುಳ ಏನೂ ಇಲ್ಲ. ತಪ್ಪು ಲೆಕ್ಕ ಮಾಡಿದ ಟೀಚರಿಗೆ ಸರಿ ಲೆಕ್ಕ ಹೇಗೆಂದು ಡೆಲ್ಮರ್ ತಾಳ್ಮೆಯಿಂದ ತೋರಿಸುತ್ತಿದ್ದ. ಬೈದಿದ್ದರೆ ವಾಸಿಯಿತ್ತು ಅನ್ನಿಸುತ್ತಿತ್ತು. ಅವನಿಗೆ ಏನು ಬೇಕು ಎಂದು ಯೋಚಿಸಿ ಯೋಚಿಸಿ ಒಂದೇ ಉತ್ತರ ಹೊಳೆಯಿತು, ಅವನ ಮನೆಯವರಿಗೆ ನಾನು ನಿಜ ಹೇಳಬೇಕು. ಹೇಳಿದರೆ ನನಗೂ ನಿದ್ದೆ ಬರುತ್ತದೆ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆರ್ವೆಲ್ಲಾ ಬಂದದ್ದು ಸುಡುಬಿಸಿಲಿನಲ್ಲಿ. ಸಣ್ಣ ಆಳು, ಚರ್ಚಿಗೆ ಹೋಗುವ ಟೋಪಿ, ಕೈಯಲ್ಲಿ ಕಾಗದದ ಚೀಲ. ಬಸ್ಸಿಳಿದ ತಕ್ಷಣ ಚೀಲ ನನ್ನ ಕೈಗೆ ಕೊಟ್ಟರು. ಬೇಯಿಸಿದ ಕಡಲೆಕಾಯಿ, ಇನ್ನೂ ಒದ್ದೆ.

"ನಿಮ್ಮ ಕಡೆಯೋರು ಇದನ್ನ ಹುರಿದು ಕೆಡಿಸ್ತಾರಂತೆ, ಡೆಲ್ಮರ್ ಗೋಳಾಡ್ತಿದ್ದ" ಎಂದು ನಕ್ಕರು. ನಾನೂ ನಕ್ಕೆ.

ಮೈದಾನಕ್ಕೆ ಕರೆದುಕೊಂಡು ಹೋದೆ. ಪಂದ್ಯ ಶುರುವಾಗಲು ಇನ್ನೂ ಎರಡು ಗಂಟೆ ಇತ್ತು, ಸೀಟುಗಳೆಲ್ಲ ಮಡಚಿಕೊಂಡಿದ್ದವು, ಆ ಒಂದನ್ನು ಬಿಟ್ಟು. ಆಕೆ ನಾನು ತೋರಿಸುವ ಮೊದಲೇ ಮೆಟ್ಟಿಲಿಳಿದು ಅದರ ಪಕ್ಕದ ಸೀಟು ಬಿಡಿಸಿ ಕೂತರು. ಯಾರೋ ಕೂತಿದ್ದಾರೆ ಎಂಬಂತೆ ಪರ್ಸನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡರು. ನಾನು ಆಚೆ ಕಡೆ ಕೂತೆ. ನಮ್ಮಿಬ್ಬರ ನಡುವೆ ಆ ಖಾಲಿ ಸೀಟು.

"ಮನೆಗೆ ಬಂದ್ಮೇಲೆ ಸುಮ್ನೆ ಕೂರ್ಲಿಲ್ಲ ಅವ್ನು" ಆರ್ವೆಲ್ಲಾ ಮೈದಾನ ನೋಡುತ್ತಲೇ ಹೇಳಿದರು. "ಆ ಮೇಡಂ ಹೇಳಿದ್ದು ಸರಿ ಕಣಮ್ಮ, ನನ್ನ ಕೈಯೇ ಸರಿ ಇಲ್ಲ ಅಂದ. ಎರಡು ಕಂಬ ನೆಟ್ಟು ದಾರ ಕಟ್ದ, ಪ್ಲೇಟ್ ಎಷ್ಟಗಲ ಇರುತ್ತೋ ಅಷ್ಟಗಲ. ಹಿಂದೆ ಹಳೇ ಹಾಸಿಗೆ. ದಿನಾ ನೂರು ಎಸೀತಿದ್ದ, ಮಂಜು ಬಿದ್ರೂ ಬಿಡ್ಲಿಲ್ಲ. ದೂರದಿಂದ ಅಂಚಿನವು ಅವನಿಗೆ ಕಾಣಲ್ಲ ನೋಡಿ. ನೀನು ದಾರದ ಹತ್ರ ಕೂತ್ಕೊಂಡು ಒಳಗೋ ಹೊರಗೋ ಹೇಳಮ್ಮ ಅಂತಿದ್ದ. ನಾನು ಬಕೆಟ್ ಬೋರಲು ಹಾಕ್ಕೊಂಡು ಕೂರ್ತಿದ್ದೆ."

ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ನಾಲ್ಕು ಬೆರಳು, ಹದಿನೇಳು ನಡಿಗೆ, ಅವನು ಟೋಪಿ ತೆಗೆದು ನಿಂತು ಕೇಳಿದ್ದು, ನಾನು ಕೊಟ್ಟ ಉತ್ತರ, ಯಾವುದನ್ನೂ ಬಿಡಲಿಲ್ಲ. "ತಪ್ಪು ನನ್ನದು. ನಿಮ್ಮ ಮಗನ ಕೈ ಸರಿಯಾಗೇ ಇತ್ತು. ತಂಡದಲ್ಲಿ ಎರಡನೆಯವನು" ಎಂದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದೆ.

ಮೈದಾನದವರು ಬಿಳಿ ಗೆರೆ ಎಳೆಯುತ್ತಿದ್ದರು.

"ಸಂಜೆ ಕೇಳ್ತಿದ್ದ, ಅಮ್ಮಾ ಇವತ್ತು ಎಷ್ಟು ಹೊರಗೆ ಹೋಯ್ತು ಅಂತ" ಎಂದರು ಆರ್ವೆಲ್ಲಾ.

"ಎಷ್ಟು ಹೋಗ್ತಿತ್ತು?"

"ಎರಡು. ಮೂರು. ಕೆಲವು ದಿನ ಒಂದೂ ಇಲ್ಲ." ಅವರು ಪರ್ಸಿನ ಕೊಂಡಿಯನ್ನು ತೆಗೆದು ಹಾಕಿ ಮಾಡುತ್ತಿದ್ದರು. "ನಾನು ಆರನೇ ಕ್ಲಾಸಿಗೇ ಬಿಟ್ಟೋಳು ಮೇಡಂ. ಓದಿದೋರು ಎಣಿಸಿ ಬರ್ದಿದ್ದಾರೆ, ನನ್ನ ಕಣ್ಣೇ ಸರಿ ಇಲ್ಲ ಅಂದ್ಕೊಂಡೆ. ಸುಳ್ಳು ಹೊಗಳಿ ಮಗನ್ನ ಹಾಳು ಮಾಡ್ಬಾರ್ದಲ್ಲ. ಅಂಚಿಗೆ ಬಂದದ್ದನ್ನೆಲ್ಲ ಹೊರಗೆ ಅಂದೆ. ಮೂವತ್ತು ಅಂತ ಹೇಳ್ತಿದ್ದೆ. ಮೂವತ್ತೈದು ಅಂತ ಹೇಳ್ತಿದ್ದೆ. ಅವ್ನು ಏನೂ ಅನ್ನದೆ ಚೆಂಡು ಆರಿಸ್ಕೊಂಡು ಮತ್ತೆ ಎಸೆಯೋಕೆ ಹೋಗ್ತಿದ್ದ."

ನನ್ನ ಕಲ್ಲನ್ನು ಇಳಿಸಿಕೊಳ್ಳುವ ಆತುರದಲ್ಲಿ ಅದನ್ನು ಎತ್ತಿ ಆ ತಾಯಿಯ ಮಡಿಲಿಗೆ ಹಾಕಿದ್ದೆ.

ಆರ್ವೆಲ್ಲಾ ಖಾಲಿ ಸೀಟಿನ ಕಡೆ ತಿರುಗಿದರು. ನನ್ನ ಕಡೆಗಲ್ಲ.

"ಒಳಗೇ ಇತ್ತು ಮಗ" ಎಂದರು. "ಎಲ್ಲಾ ಒಳಗೇ ಇತ್ತು."