ಗೆರೆಯಿಲ್ಲದ ಬದಿ

"ಮೂರನೇದೂ ನಲವತ್ತನಾಲ್ಕು ತೊಂಬತ್ತೆಂಟು. ಬರ್ಕೋ," ಎಂದ ಮೇಸ್ತ್ರಿ.

ಹೆಂಡತಿ ಬರೆಯಲಿಲ್ಲ. ಸೀಮೆಸುಣ್ಣ ಹಿಡಿದ ಕೈ ಬಾಗಿಲ ಹಲಗೆಯ ಮೇಲೆ ಹಾಗೇ ನಿಂತಿತು. ಒಂದನೆಯದರ ಎದುರಿಗೂ ಎರಡನೆಯದರ ಎದುರಿಗೂ ಅವಳೇ ಬರೆದ ಅದೇ ಮಿಲಿಮೀಟರ್ ಅಂಕಿಗಳು ಬೆಳ್ಳಗೆ ಕೂತಿದ್ದವು.

"ಮೂರನೇದೂ ಅಷ್ಟೇನಾ?"

"ಅಷ್ಟೇ ಅಂದ್ನಲ್ಲ. ಕಿವಿಗೆ ಹತ್ತಿ ಇಟ್ಕೊಂಡಿದೀಯಾ?"

ಅವಳು ಬರೆದಳು. ಬರೆದ ಮೇಲೂ ಹಲಗೆಯನ್ನೇ ನೋಡುತ್ತ ನಿಂತಳು.

ಬಾಡಿಗೆ ಕಾರೊಂದರ ಎಂಜಿನ್ ಅದು. ಏರು ಹತ್ತುವಾಗ ಒಳಗಡೆ ಯಾರೋ ಬಾಗಿಲು ಬಡಿದ ಹಾಗಾಗುತ್ತೆ ಅಂತ ಹೇಳಿ ಅದರ ಡ್ರೈವರ್ ಬಿಟ್ಟುಹೋಗಿದ್ದ. ಬಿಚ್ಚಿದ್ದು ಮೇಸ್ತ್ರಿ, ಸೀಮೆಎಣ್ಣೆಯಲ್ಲಿ ತೊಳೆದದ್ದು ಅವಳು. ಮದುವೆಯಾಗಿ ಬಂದಾಗಿನಿಂದ ಈ ಶೆಡ್ಡಿನಲ್ಲಿ ನಡೆದುಕೊಂಡು ಬಂದದ್ದೇ ಹಾಗೆ. ಅವನ ಕೈಗೆ ಸದಾ ಎಣ್ಣೆ, ಆದ್ದರಿಂದ ಅಳೆದು ಕೂಗುವುದು ಅವನು, ಬರೆಯುವುದು ಅವಳು. ತೊಳೆಯುವಾಗ ಹಳೆಯ ಬೇರಿಂಗ್ ಶೆಲ್‌ಗಳನ್ನು ಅವಳು ಒಂದೊಂದಾಗಿ ಬಟ್ಟೆಯ ಮೇಲೆ ಜೋಡಿಸಿದ್ದಳು. ಕ್ರ್ಯಾಂಕ್ ದಂಡದ ಒಂದೊಂದು ಪಿನ್ನನ್ನೂ ಎರಡೆರಡಾಗಿ ಅಪ್ಪಿಕೊಳ್ಳುವ, ಬಳೆ ಚೂರಿನ ಹಾಗೆ ಬಾಗಿದ ತೆಳು ಲೋಹ. ಮಿಕ್ಕವೆಲ್ಲ ಬೂದು ಬಣ್ಣಕ್ಕಿದ್ದವು. ಮೂರನೆಯ ಜೋಡಿ ಮಾತ್ರ ಸವೆದು, ಒಳಗಿನ ತಾಮ್ರ ಕೆಂಪಗೆ ಎದ್ದಿತ್ತು.

ತನ್ನ ಶೆಲ್ಲನ್ನು ಅಷ್ಟು ತಿಂದುಹಾಕಿದ ಕ್ರ್ಯಾಂಕಿನ ಪಿನ್ನು ತಾನು ಮಾತ್ರ ಹೊಸದರ ಹಾಗೆ ಹೇಗೆ ಉಳಿದೀತು?

ಅವಳು ಬೆಂಚಿನ ಹತ್ತಿರ ಬಂದಳು. ಎರಡು ಮರದ ಕವೆಗಳ ನಡುವೆ ಕ್ರ್ಯಾಂಕ್ ಮಲಗಿತ್ತು. ಮೇಸ್ತ್ರಿ ನಾಲ್ಕನೆಯ ಪಿನ್ನಿಗೆ ಮೈಕ್ರೋಮೀಟರ್ ಕಚ್ಚಿಸಿ, ಹಿಂದಿನ ತಿರುಪನ್ನು ಎರಡೇ ಬೆರಳಲ್ಲಿ ತಿರುಗಿಸಿದ. ಕಿರ್ ಕಿರ್ ಎಂದಿತು. ಮೆಲ್ಲಗೆ ಬಿಡಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿದ. ಎಷ್ಟೋ ವರ್ಷ ನೋಡಿದ ಭಂಗಿ. ಆದರೆ ಈಗ ಅವಳಿಗೆ ಕಂಡದ್ದು ಬೇರೆ. ಅಳತೆಯ ಗೆರೆಗಳು ನೆಲದ ಕಡೆ ಇದ್ದವು. ಅವನ ಕಣ್ಣಿನ ಎದುರಿಗಿದ್ದದ್ದು ಗೆರೆಯೇ ಇಲ್ಲದ, ಬರೀ ನುಣ್ಣಗಿನ ಬದಿ.

"ನಾಲ್ಕನೇದೂ ಅಷ್ಟೇ," ಎಂದ ಮೇಸ್ತ್ರಿ.

ಅವಳಿಗೆ ಒಂದೊಂದೇ ನೆನಪಾಯಿತು. ಲೋಟಕ್ಕೆ ಚಹಾ ಸುರಿಯುವಾಗ ಅಂಚಿಗೆ ಬೆರಳಿಟ್ಟುಕೊಳ್ಳುವುದು. ಶೆಲ್ಲಿನ ಡಬ್ಬಿ ಕೊಟ್ಟು "ನೀನೇ ಓದು, ನನ್ ಕೈ ಎಣ್ಣೆ" ಅನ್ನುವುದು. ಪೇಪರ್ ಬಿಟ್ಟು "ಅದ್ರಲ್ಲಿ ಏನಿರುತ್ತೆ ಮಣ್ಣು" ಅಂದದ್ದು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಕನ್ನಡಕ ಹಾಕಿದ ಮೇಸ್ತ್ರಿ ಹತ್ರ ಯಾವ ಗಿರಾಕಿ ಬರ್ತಾನೆ?" ಅಂತ ನಕ್ಕದ್ದು. ಅವಳೂ ನಕ್ಕಿದ್ದಳು.

ನಕ್ಕದ್ದು ಇನ್ನೊಂದು ಸಲವೂ ಇತ್ತು. ಹೋದ ತಿಂಗಳು, ಇದೇ ಬೆಂಚಿನ ಮೇಲೆ ಅಳಿಯನ ವ್ಯಾನಿನ ಕ್ರ್ಯಾಂಕ್ ಇದ್ದಾಗ. ಅವತ್ತೂ ನಾಲ್ಕಕ್ಕೆ ನಾಲ್ಕೂ ಒಂದೇ ಅಳತೆ. "ಅವಳಿ ಜವಳಿ ಮಕ್ಕಳ ಥರ ಇದಾವಲ್ರೀ" ಎಂದು ನಗುತ್ತ ಅವಳೇ ಅಂಕಿ ಬರೆದುಕೊಂಡಿದ್ದಳು. ಆ ವ್ಯಾನಿನಲ್ಲಿ ಮಗಳು ಅಳಿಯ ದಿನಾ ಬೆಳಗಾಗೆದ್ದು ತರಕಾರಿ ತುಂಬಿಕೊಂಡು ಗುಡ್ಡ ಇಳಿಯುತ್ತಿದ್ದರು, ಮಾರ್ಕೆಟ್ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಹತ್ತಿ ಬರುತ್ತಿದ್ದರು. ಅದಕ್ಕೆ ಮುಂಚೆ ಟೀಚರಮ್ಮನ ಕಾರು. ಅದಾದ ಮೇಲೆ ಕಲ್ಲು ಹೊಡೆಯುವವರ ಜೀಪು. ಅವುಗಳ ಅಂಕಿಗಳನ್ನು ನೆನಪಿಸಿಕೊಳ್ಳಲು ಅವಳಿಗೆ ಧೈರ್ಯವಾಗಲಿಲ್ಲ.

"ರೀ, ಮೇಣದ ಎಳೆ ಇಟ್ಟು ಒಂದ್ಸಲ ನೋಡೋಣ್ವಾ?"

"ಅದು ಕಲಿಯೋರಿಗೆ."

"ನಾನು ಕಲೀತೀನಿ ಅಂದ್ಕೊಳ್ಳಿ."

"ಈ ವಯಸ್ಸಲ್ಲಿ ಕಲ್ತು ಎಲ್ಲಿ ಗ್ಯಾರೇಜ್ ಇಡ್ತೀಯೇ?"

"ನಿಮ್ಮ ಎದುರಿಗೇ ಇಡ್ತೀನಿ. ನಿಮ್ ಗಿರಾಕಿಗಳೆಲ್ಲ ನನ್ ಕಡೆ."

ಅವನು ನಕ್ಕು ಬೋಲ್ಟ್ ಬಿಗಿಯುವ ಪಾನ ಕೊಟ್ಟ. ನಗು ಮುಗಿದ ಮೇಲೂ ಅವನ ಮುಖ ಅವಳ ಕಡೆಗೇ ಇತ್ತು, ಏನನ್ನೋ ಆಲಿಸುವವನ ಹಾಗೆ.

ಅವಳು ಪಿನ್ನನ್ನು ಹಿಡಿಯುವ ಕನೆಕ್ಟಿಂಗ್ ರಾಡಿಗೆ ಹೊಸ ಶೆಲ್ ಕೂರಿಸಿದಳು. ಒಂದನೆಯ ಪಿನ್ನಿನ ಮೇಲೆ ಬಿಳಿ ದಾರದಂಥ ಮೇಣದ ಎಳೆಯನ್ನು ಉದ್ದಕ್ಕೆ ಮಲಗಿಸಿ, ಕ್ಯಾಪ್ ಮುಚ್ಚಿ, ಟಾರ್ಕ್ ಪಾನ ಬಿಗಿ ಸಾಕೆಂದು ಟಕ್ ಎನ್ನುವವರೆಗೆ ಎರಡು ಬೋಲ್ಟನ್ನೂ ಬಿಗಿದಳು. ಕ್ರ್ಯಾಂಕ್ ಅಲ್ಲಾಡದಂತೆ ಅವನು ಹಿಡಿದುಕೊಂಡಿದ್ದ. ಬಿಚ್ಚಿದಾಗ ಎಳೆ ಒತ್ತಿಹೋಗಿ ಪಟ್ಟಿಯಾಗಿತ್ತು. ಡಬ್ಬಿಯ ಜೊತೆ ಬಂದ ಕಾಗದದ ಪಟ್ಟೆಗಳ ಜೊತೆ ಅದರ ಅಗಲ ಹೋಲಿಸಿದಳು. ಸರಿಯಾಗಿತ್ತು. ಪಿನ್ನಿಗೂ ಶೆಲ್ಲಿಗೂ ನಡುವೆ ಕೂದಲಿನ ಅರ್ಧದಷ್ಟು ಸಂದು. ಎಣ್ಣೆ ನಿಲ್ಲುವುದು ಅಲ್ಲೇ. ಕಡಿಮೆಯಾದರೆ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಎಣ್ಣೆ ನಿಲ್ಲುವುದಿಲ್ಲ. ಮೊದಲು ಸಣ್ಣಗೆ ಬಡಿಯುತ್ತದೆ, ಆಮೇಲೆ ಜೋರಾಗಿ, ಆಮೇಲೆ ಒಂದು ದಿನ ರಾಡ್ ಮುರಿದು ಎಂಜಿನ್ನಿನ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತದೆ. ಏರಿನಲ್ಲಿ ಹಾಗಾದರೆ ಎಂಜಿನ್ ಸತ್ತು, ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ, ಒತ್ತಲಾಗದೆ, ಗಾಡಿ ಹಿಂದಕ್ಕೆ ಜಾರುತ್ತದೆ. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವನು ಅವನೇ.

ಮೂರನೆಯ ಪಿನ್ನಿಗೆ ಹೊಸ ಎಳೆ ಇಟ್ಟಳು. ಟಕ್. ಟಕ್. ಬಿಚ್ಚಿದಳು.

ಎಳೆ ಇಟ್ಟ ಹಾಗೆಯೇ ಇತ್ತು. ಕಾಗದ ಬೇಕಾಗಲಿಲ್ಲ, ಸಂದು ಅಷ್ಟಿತ್ತು. ಅವಳು ಗಂಡನ ಹೆಬ್ಬೆರಳನ್ನು ಹಿಡಿದು ತಂದು ಅದರ ಮೇಲಿಟ್ಟಳು.

ಹೆಬ್ಬೆರಳು ಒಮ್ಮೆ ಅತ್ತ, ಒಮ್ಮೆ ಇತ್ತ ಹೋಯಿತು.

"ಚಪ್ಪಟೆನೇ ಆಗಿಲ್ಲ," ಎಂದ ಅವನು. ಹೆಬ್ಬೆರಳು ತೆಗೆಯದೆ, "ನಾನು ಎಷ್ಟು ಅಂದಿದ್ದೆ?"

"ಅಷ್ಟೇ ಅಂದಿದ್ರಿ."

ಹೊರಗೆ ಕೋಳಿಯೊಂದು ತಗಡಿನ ಚೂರನ್ನು ಕೆದಕುತ್ತಿತ್ತು. ಅವನು ಮೈಕ್ರೋಮೀಟರನ್ನು ಹುಡುಕಿ ಪೆಟ್ಟಿಗೆಯೊಳಗೆ ಇಟ್ಟ. ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಅಂಚನ್ನೆಲ್ಲ ಸವರಿ ನೋಡಿದ.

"ಯಾವಾಗಿಂದ?" ಎಂದಳು.

"ಬೇಸಿಗೆಯಿಂದ. ದೊಡ್ಡ ಗೆರೆ ಕಾಣ್ತಿತ್ತು ಕಣೇ. ಸಣ್ಣವು ಒಂದರ ಮೇಲೊಂದು ಹತ್ಕೊಂಡ್ಬಿಡ್ತಿದ್ವು. ಬೆರಳಿಗೆ ನುಣ್ಣಗಿದೆ, ಉಗುರಿಗೆ ಏನೂ ತಗಲಲ್ಲ, ಸರಿಯಾಗೇ ಇರುತ್ತೆ ಅಂತ..."

"ನುಣ್ಣಗೇ ಸವೆದಿದ್ರೆ?"

ಅವನ ಬೆರಳು ಪೆಟ್ಟಿಗೆಯ ಮುಚ್ಚಳದ ಮೇಲೆ ನಿಂತಿತು.

"ವ್ಯಾನಿಂದು?"

ಅವನು ಚಿಂದಿ ಬಟ್ಟೆ ತೆಗೆದುಕೊಂಡು, ಒರೆಸಿ ಆಗಲೇ ಒಣಗಿದ್ದ ಕೈಗಳನ್ನು ಮತ್ತೆ ಒರೆಸತೊಡಗಿದ.

ಅವಳು ಮಗಳಿಗೆ ಫೋನ್ ಮಾಡಿದಳು. ಗಂಟೆ ಪೂರ್ತಿ ಹೊಡೆದು ನಿಂತಿತು. ಮತ್ತೆ ಮಾಡಿದಳು.

"ಹೊರಟಿರ್ತಾರೆ," ಎಂದ ಮೇಸ್ತ್ರಿ. "ಗಾಡಿ ಸದ್ದಲ್ಲಿ ಕೇಳ್ಸಲ್ಲ."

ಇಬ್ಬರೂ ರಸ್ತೆಗೆ ಬಂದರು. ಶೆಡ್ಡಿನ ಮುಂದೆಯೇ ಏರು ಮುಗಿಯುತ್ತಿತ್ತು. ಕೆಳಗೆ ರಸ್ತೆ ಗುಡ್ಡದ ಮೈಯನ್ನು ಬಳಸಿ ಬಳಸಿ ಇಳಿದಿತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಬರೀ ಗಾಳಿ. ತಡೆಗೋಡೆ ಅಂತ ಇದ್ದದ್ದು ಅಲ್ಲೊಂದು ಇಲ್ಲೊಂದು ಕಲ್ಲು. ಬಿಸಿಲು ನೆತ್ತಿಗೆ ಬಂದಿತ್ತು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಅವನು ನೋಡಲಿಲ್ಲ. ತಲೆ ತಗ್ಗಿಸಿ, ಎಡಗಿವಿಯನ್ನು ಕಣಿವೆಗೆ ಕೊಟ್ಟು ನಿಂತ.

"ಬಂತು," ಎಂದ.

ಅವಳಿಗೆ ಏನೂ ಕೇಳಲಿಲ್ಲ.

"ಅವರದೇನಾ?"

"ಅವರದೇ. ಬಡೀತಿದೆ."

ಆಮೇಲೆ ಅವಳಿಗೂ ಕೇಳಿತು, ಎಂಜಿನ್ನಿನ ಮೊರೆತ ಮಾತ್ರ. ಬಡಿತ ಕೇಳಲಿಲ್ಲ. ತಿರುವಿನಲ್ಲಿ ಗೇರ್ ಬದಲಾಯಿತು. ಮೊರೆತ ಗುಡ್ಡದ ಬೆನ್ನಿನ ಹಿಂದೆ ಹೋಗಿ, ಯಾರೋ ಅಂಗೈಯಿಂದ ಮುಚ್ಚಿದ ಹಾಗೆ ನಿಂತುಹೋಯಿತು. ಅಲ್ಲಿ ಯಾವಾಗಲೂ ಹಾಗೇ. ಎಲ್ಲ ಗಾಡಿಯ ಸದ್ದೂ ಅಲ್ಲಿ ಸ್ವಲ್ಪ ಹೊತ್ತು ಇಲ್ಲವಾಗಿ ಆಮೇಲೆ ಈಚೆ ಬರುತ್ತದೆ. ಅವಳಿಗೆ ಅದು ಗೊತ್ತಿತ್ತು. ಆದರೂ ಮುಷ್ಟಿ ಬಿಗಿಯಿತು. ಹೊರಡುವಾಗ ಗಮನವಿಲ್ಲದೆ ಎತ್ತಿಕೊಂಡಿದ್ದ ಸೀಮೆಸುಣ್ಣ ಒಳಗಿದ್ದದ್ದು ಅದು ಪುಡಿಯಾದಾಗಲೇ ತಿಳಿದದ್ದು.

ವ್ಯಾನಿನ ಮೂತಿ ತಿರುವಿನಲ್ಲಿ ಕಂಡಿತು. ಮೇಸ್ತ್ರಿ ಎರಡೂ ಕೈ ಎತ್ತಿ ರಸ್ತೆಯ ನಡುವೆ ನಡೆದ. ಹಾರ್ನ್ ಕೂಗಿತು. ಅವನು ಸರಿಯಲಿಲ್ಲ. ಅವಳು ಓಡಿಹೋಗಿ ಅಂಗಿ ಹಿಡಿದು ಬದಿಗೆ ಎಳೆದುಕೊಂಡಳು.

"ಏನಪ್ಪಾ, ಶೆಡ್ ಮುಚ್ಚಿ ಸುಂಕ ವಸೂಲಿಗೆ ಇಳಿದ್ಯಾ?" ಮಗಳು ಕಿಟಕಿಯಿಂದ ತಲೆ ಹಾಕಿ ನಗುತ್ತಿದ್ದಳು. ತೊಡೆಯ ಮೇಲೆ ಖಾಲಿ ಬುಟ್ಟಿ.

"ಆಫ್ ಮಾಡು," ಎಂದ ಮೇಸ್ತ್ರಿ.

"ಒಂದ್ನಿಮಿಷ ಮಾವ, ನೆರಳಿಗೆ ಹಾಕ್ಬಿಟ್ಟು..."

"ಮೊದ್ಲು ಆಫ್ ಮಾಡೋ!"

ಅಳಿಯನನ್ನು ಅವನು ಎಂದೂ ಏಕವಚನದಲ್ಲಿ ಕರೆದವನಲ್ಲ. ಮಗಳ ನಗು ಅಲ್ಲೇ ನಿಂತಿತು. ಅಳಿಯ ಕೀಲಿ ತಿರುಗಿಸಿ, ಕೈ ಬ್ರೇಕ್ ಎಳೆದು, ಕೆಳಗಿಳಿದ. ಮಗಳು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು.

"ಎರಡು ದಿನದಿಂದ ಸಣ್ಣಗೆ ಟಕ ಟಕ ಅಂತಿತ್ತು," ಎಂದ ಅಳಿಯ, ಅಪರಾಧಿಯ ಹಾಗೆ. "ನಾನು ಏನೂ ಮಾಡಿಲ್ಲ ಮಾವ. ಹೊಸ ಬೇರಿಂಗಲ್ವಾ, ಹೊಂದಿಕೊಳ್ಳೋವರೆಗೂ ಹಾಗೇ ಇರುತ್ತೇನೋ ಅಂತ ನಾನು..."

"ನೀವೇನೂ ಮಾಡಿಲ್ಲ," ಎಂದ ಮೇಸ್ತ್ರಿ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಬಿಸಿ ತಾಳದೆ ತೆಗೆದ. ಮತ್ತೆ ಇಟ್ಟ.

ಕಾದ ಕಬ್ಬಿಣ ಆರುತ್ತ ಆಗೊಮ್ಮೆ ಈಗೊಮ್ಮೆ ಚಿಟ್ ಎನ್ನುತ್ತಿತ್ತು. ಮಗಳು ತಾಯಿಯ ಮುಖ ನೋಡಿದಳು, ಆಮೇಲೆ ಬೆಳ್ಳಗಾಗಿದ್ದ ಅವಳ ಅಂಗೈ ನೋಡಿದಳು.

"ಅಮ್ಮಾ, ಏನಾಯ್ತು?"

ಮೇಸ್ತ್ರಿ ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದ. ಅವನ ಮುಖ ಮತ್ತೆ ಕಣಿವೆಯ ಕಡೆ ತಿರುಗಿತ್ತು.

"ಅದು ಯಾರದೇ? ಟೀಚರಮ್ಮಂದಾ, ಕಲ್ಲಿನವರದಾ?" ಎಂದು ಹೆಂಡತಿಯನ್ನು ಕೇಳಿದ.

ಅವಳಿಗೆ ಇನ್ನೂ ಏನೂ ಕೇಳುತ್ತಿರಲಿಲ್ಲ. ಕೆಳಗಿನ ರಸ್ತೆ ಬಿಸಿಲಿಗೆ ನಡುಗುತ್ತ ಖಾಲಿ ಬಿದ್ದಿತ್ತು. ಅವಳು ಅವನ ಪಕ್ಕಕ್ಕೆ ಹೋಗಿ ನಿಂತಳು, ಅಳಿಯ ಬಂದ, ಮಗಳು ಬುಟ್ಟಿ ಕೆಳಗಿಟ್ಟು ಬಂದಳು. ಸ್ವಲ್ಪ ಹೊತ್ತಿಗೆ ಒಂದು ಎಂಜಿನ್ನಿನ ಸದ್ದು ಸಣ್ಣಗೆ ಎಲ್ಲರಿಗೂ ಕೇಳಿತು. ತಿರುವಿನಲ್ಲಿ ಗೇರ್ ಬದಲಾಯಿಸಿ, ಅದು ಗುಡ್ಡದ ಬೆನ್ನಿನ ಹಿಂದೆ ಹೋಯಿತು.