ಹೆಸರು ಹೇಳಿದವರು

ಬಾಗಿಲು ತೆರೆದದ್ದು ಒಬ್ಬ ಹೆಂಗಸು. ಲವಿಟಾ ಗೋಡೆಯ ಮೇಲಿನ ಮನೆ ನಂಬರನ್ನು ಮತ್ತೊಮ್ಮೆ ನೋಡಿದಳು. ನಂಬರು ಸರಿಯಾಗಿಯೇ ಇತ್ತು.

‘ಆರ್ಮಿಯ ಹಳೇ ದೋಸ್ತಿ’ ಎಂದಷ್ಟೇ ಅಪ್ಪ ಹೇಳಿದ್ದ. ಸಿಡ್ನಿಯಿಂದ ಬೆಳಗಿನ ವಿಮಾನದಲ್ಲಿ ಮೆಲ್ಬರ್ನಿಗೆ ಬರುವಾಗ ಅವಳು ದಪ್ಪ ಮೀಸೆಯ ಒಬ್ಬ ನಿವೃತ್ತ ಸುಬೇದಾರನನ್ನು ಕಲ್ಪಿಸಿಕೊಂಡಿದ್ದಳು. ಇಬ್ಬರೂ ಕೂತು ಒಂದಿಷ್ಟು ರಮ್ಮು ಕುಡಿಯುತ್ತಾರೆ, ಹಳೆಯ ಸುಳ್ಳುಗಳನ್ನು ಹೇಳಿಕೊಳ್ಳುತ್ತಾರೆ, ಸಂಜೆ ವಾಪಸ್ಸು. ಮಾವನಿಗೂ ಸ್ವಲ್ಪ ಚೇಂಜ್ ಬೇಕು ಎಂದು ಗಂಡ ಇಂದ್ರೇಶನೇ ಟಿಕೆಟ್ ಬುಕ್ ಮಾಡಿಕೊಟ್ಟಿದ್ದ.

ಹೆಂಗಸಿಗೆ ನಲವತ್ತೈದು ದಾಟಿರಬೇಕು. ಕೂದಲನ್ನು ಗಂಡಸರ ಹಾಗೆ ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದಳು. ಅಪ್ಪನನ್ನು ನೋಡಿ ನಗಲಿಲ್ಲ. “ವಾಂಗೋ” ಎಂದು ತಮಿಳಿನಲ್ಲಿ ಒಳಗೆ ಕರೆದು ಪಕ್ಕಕ್ಕೆ ಸರಿದಳು.

“ಜೂಲಿ” ಎಂದ ಅಪ್ಪ.

ಆ ಶಬ್ದ ಅವನ ಬಾಯಿಂದ ಒದ್ದೆಯಾಗಿ ಹೊರಬಂತು. ಲವಿಟಾಗೆ ಹೇಸಿಗೆಯಾಯಿತು.

ಬಾಯಿಗಳು ಅವಳ ಕಸುಬು. ಸಿಡ್ನಿಯ ಗಿರಾವೀನ್‌ನ ಕ್ಲಿನಿಕ್ಕೊಂದರಲ್ಲಿ ಹಲ್ಲಿನ ಡಾಕ್ಟರು. ಕೀವು, ಹುಳುಕು, ರಕ್ತ ಸೋರುವ ವಸಡು ಯಾವುದೂ ಅವಳಿಗೆ ಅಸಹ್ಯ ಹುಟ್ಟಿಸುತ್ತಿರಲಿಲ್ಲ. ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದವರು ಮಾತಾಡುವಂತಿರಲಿಲ್ಲವಲ್ಲ, ಅದೊಂದು ಸುಖ.

ಹೋದ ತಿಂಗಳು ಅಪ್ಪ ಮುಂದಿನ ಹಲ್ಲುಗಳನ್ನು ಕಟ್ಟಿಸಿಕೊಡು ಎಂದು ಹಠ ಹಿಡಿದಿದ್ದ. ಮಮ್ಮಿ ತೀರಿಕೊಂಡ ಮೇಲೆ ಕಿನ್ನಿಗೋಳಿಯಿಂದ ಸಿಡ್ನಿಯ ದಿ ಪಾಂಡ್ಸ್‌ನ ಮಗಳ ಮನೆಗೆ ಬಂದಿದ್ದವನು, ಯಾವುದರಲ್ಲೂ ಆಸಕ್ತಿಯಿಲ್ಲದೆ ಹಿತ್ತಿಲ ಬೇಲಿ ನೋಡುತ್ತ ಕೂರುತ್ತಿದ್ದವನು. ಹಲ್ಲಾದರೂ ಬೇಕೆನ್ನಿಸಿತಲ್ಲ ಎಂದು ಲವಿಟಾ ಖುಷಿಯಿಂದ ಕಟ್ಟಿಕೊಟ್ಟಿದ್ದಳು. ಈಗ ಆ ಹಲ್ಲುಗಳು ಜೂಲಿ ಎಂಬ ಈ ಹೆಂಗಸಿನೆದುರು ಹೊಳೆಯುತ್ತಿದ್ದವು. ಕೆಲಸ ಅಚ್ಚುಕಟ್ಟಾಗಿತ್ತು. ಬಣ್ಣವೂ ಹೊಂದಿತ್ತು.

“ಇವಳು ನನ್ನ ಮಗಳು” ಎಂದ ಅಪ್ಪ ತಮಿಳಿನಲ್ಲಿ. ಅವನಿಗೆ ತಮಿಳು ಬರುತ್ತದೆಂದೇ ಲವಿಟಾಗೆ ಗೊತ್ತಿರಲಿಲ್ಲ. ಅವಳಿಗೆ ಸಿಂಹಳ ದ್ವೀಪದ ಯಾಳ್ಪಾಣದಿಂದ ಬಂದ ತನ್ನ ಪೇಷಂಟುಗಳಿಂದ ಕಲಿತ ಅರೆಬರೆ ತಮಿಳಿತ್ತು. ಎಲ್ಲಿ ನೋವು, ಎಷ್ಟು ದಿನದಿಂದ, ಅಗಲಕ್ಕೆ ಬಾಯಿ ತೆಗೆಯಿರಿ. “ಜೂಲಿಯಾನಾ” ಎಂದು ಹೆಂಗಸು ತನ್ನ ಪೂರ್ತಿ ಹೆಸರನ್ನು ಅವಳಿಗೆ ಹೇಳಿದಳು.

ಮನೆ ಹೊಸದು. ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನ ಎಲ್ಲ ಮನೆಗಳಂತೆ ಇನ್ನೂ ಪೇಂಟಿನ ವಾಸನೆ ಹೋಗಿರಲಿಲ್ಲ. ಕಿಟಕಿಯಾಚೆ ಅರ್ಧ ಕಟ್ಟಿದ ಮನೆಗಳು, ಗಾಳಿ, ಮಣ್ಣು. ಒಳಕೋಣೆಯಿಂದ ಕ್ರಿಕೆಟ್ ಕಾಮೆಂಟರಿ ಕೇಳಿಸುತ್ತಿತ್ತು.

“ನನ್ನ ತಮ್ಮ, ಆಂಟನ್” ಎಂದು ಜೂಲಿಯಾನಾ ಆ ಬಾಗಿಲ ಕಡೆ ತೋರಿಸಿ ಇಂಗ್ಲಿಷಿನಲ್ಲಿ ಹೇಳಿದಳು. “ಊಟಕ್ಕೆ ಬರ್ತಾನೆ. ಬರ್ತೇನೆ ಅಂತ ತಲೆಯಾಡಿಸಿದ್ದಾನೆ.”

ಅಪ್ಪ ಚೀಲದಿಂದ ಒಂದು ಪರ್ಫ್ಯೂಮ್ ಡಬ್ಬಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಚಾಚಿದ. ಅವಳು ತೆಗೆದುಕೊಂಡು, ನೋಡದೆ, ಟೀವಿ ಪಕ್ಕ ಇಟ್ಟಳು. ಅಪ್ಪನ ಹಣೆಯಂಚಿನಲ್ಲಿ ಹೇರ್ ಡೈ ಬೆವರಿನೊಡನೆ ಸಣ್ಣಗೆ ಇಳಿದಿತ್ತು.

ಲವಿಟಾ ಅಡುಗೆಮನೆಗೆ ಎದ್ದು ಹೋದಳು. ಸಹಾಯ ಮಾಡುತ್ತೇನೆ ಎಂದಳು. ಆ ಸೋಫಾದಲ್ಲಿ ಕೂರುವುದು ಅವಳಿಗೆ ಸಾಧ್ಯವಿರಲಿಲ್ಲ.

ಅಲ್ಲಿ ಏಡಿ ಕುದಿಯುತ್ತಿತ್ತು.

“ಅವರು ನಿನಗೆ ಏನೂ ಹೇಳಿಲ್ಲ” ಎಂದಳು ಜೂಲಿಯಾನಾ. ಪ್ರಶ್ನೆಯಾಗಿರಲಿಲ್ಲ.

“ಆರ್ಮಿ ಫ್ರೆಂಡ್ ಅಂದ್ರು.”

“ಆರ್ಮಿ ಸರಿ.” ಅವಳು ಸೌಟು ತಿರುಗಿಸಿದಳು.

ಆಮೇಲೆ ಹೇಳಿದಳು. ಏಡಿ ಮಗುಚುತ್ತ, ತೆಂಗಿನಹಾಲು ಸುರಿಯುತ್ತ, ಬೇರೆ ಯಾರದೋ ಕಾಯಿಲೆಯ ವಿಷಯ ಹೇಳುವವಳಂತೆ ಹೇಳಿದಳು.

ಎಂಬತ್ತೆಂಟನೇ ಇಸವಿ. ಭಾರತದ ಸೈನ್ಯ ಯಾಳ್ಪಾಣದ ಅವರ ಊರಿಗೆ ಶಾಂತಿ ಕಾಯಲು ಬಂದು, ಬಂದೂಕು ಹಿಡಿದಿದ್ದ ಊರಿನ ಹುಡುಗರೊಂದಿಗೇ ಯುದ್ಧಕ್ಕೆ ನಿಂತಿತ್ತು. ಇಗರ್ಜಿಯೆದುರಿನ ಶಾಲೆಯೇ ಕ್ಯಾಂಪ್. ಅವಳಿಗೆ ಇಪ್ಪತ್ತು. ಕಾಲೇಜಿಗೆ ಹೋಗಬೇಕಾದರೆ ಕ್ಯಾಂಪಿನ ಮುಂದೆ ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕು. ಅಪ್ಪ, ಅಂದರೆ ಅರ್ನೆಸ್ಟ್ ಎಂಬ ಸೈನಿಕ, ಭಾನುವಾರ ಬಂದೂಕನ್ನು ಹೊರಗೆ ಬಿಟ್ಟು ಪೂಜೆಗೆ ಬರುತ್ತಿದ್ದ. ಹಿಂದಿನ ಬೆಂಚಿನಲ್ಲಿ ಮೊಣಕಾಲೂರುತ್ತಿದ್ದ. ಶತ್ರು ಶಿಲುಬೆ ಗುರುತು ಹಾಕಿಕೊಳ್ಳುವುದನ್ನು ಅವಳು ಅದೇ ಮೊದಲು ನೋಡಿದ್ದು. ನಗು ಬಂದಿತ್ತು.

“ಮದುವೆ ಆಗಿಲ್ಲ ಅಂದಿದ್ದರು.”

ಲವಿಟಾ ಲೆಕ್ಕ ಹಾಕಲಿಲ್ಲ. ಹಾಕುವ ಅಗತ್ಯವಿರಲಿಲ್ಲ. ಆಗ ಅವಳೇ ನಾಲ್ಕು ವರ್ಷದವಳು. ಅಪ್ಪ ರಜೆಯಲ್ಲಿ ಬಂದಾಗ ಸಿಂಹಳದ ಚಹಾಪುಡಿ ತಂದಿದ್ದನ್ನು ಮಮ್ಮಿ ನೆರೆಕರೆಗೆಲ್ಲ ಚೂರುಚೂರು ಹಂಚಿದ್ದಳು.

“ಸೈನ್ಯ ಹಡಗು ಹತ್ತಿತು. ಕರೆದುಕೊಂಡು ಹೋಗ್ತೇನೆ ಅಂದವರು ಹತ್ತುವಾಗ ತಿರುಗಿ ನೋಡಲಿಲ್ಲ. ಅದಾದ ಮೇಲೆ ಹುಡುಗರು ಬಂದು ನನ್ನ ತಲೆ ಬೋಳಿಸಿ ಇಗರ್ಜಿಯ ಮೆಟ್ಟಿಲ ಮೇಲೆ ಕೂರಿಸಿದರು. ಊರೆಲ್ಲ ನೋಡಿತು.” ಅವಳು ತನ್ನ ಗಿಡ್ಡ ಕೂದಲ ಮೇಲೆ ಕೈಯಾಡಿಸಿಕೊಂಡಳು. “ಉದ್ದ ಬಿಡಬಹುದಿತ್ತು. ಮನಸ್ಸಾಗಲಿಲ್ಲ. ಇರಲಿ, ಅದೆಲ್ಲ ಆಗಿಹೋದದ್ದು. ನಾನು ಅವರನ್ನು ಕರೆದದ್ದು ಅದಕ್ಕಲ್ಲ.”

“ಮತ್ತೆ?”

“ನಮಗೊಬ್ಬ ಅಣ್ಣ ಇದ್ದ. ದಾಸನ್. ಹುಡುಗರ ಜೊತೆ ಇದ್ದ. ಕತ್ತಲಾದ ಮೇಲೆ ಯಾವಾಗಲಾದರೂ ಹಿತ್ತಿಲಿಂದ ಬಂದು ಉಂಡು ಹೋಗ್ತಿದ್ದ. ಒಂದು ದಿನ ಹಾಗೆ ಬಂದವನನ್ನು ಯಾರೋ ಎಳೆದುಕೊಂಡು ಹೋದರು. ಆ ಊರಲ್ಲಿ ಆಗ ಮೂರು ಬಗೆಯ ಬಂದೂಕುಗಳಿದ್ದವು, ಸೈನ್ಯದ್ದು, ಹುಡುಗರದ್ದು, ಹುಡುಗರ ಎದುರು ಗುಂಪಿನವರದ್ದು. ಯಾರದ್ದು ಅಂತ ಗೊತ್ತಾಗಲಿಲ್ಲ. ಅವನು ಮತ್ತೆ ಸಿಗಲೂ ಇಲ್ಲ.”

ಅವಳು ಒಲೆ ಆರಿಸಿದಳು.

“ನಾನು ಸೈನಿಕನಿಗೆ ಹೆಸರು ಹೇಳಿದೆ ಅಂತ ಅಮ್ಮ ನಂಬಿದಳು. ಸಾಯುವವರೆಗೆ ನನ್ನ ಹತ್ತಿರ ಮಾತಾಡಲಿಲ್ಲ. ಆಂಟನ್ ಇದೇ ಮನೆಯಲ್ಲಿ ಇದ್ದಾನೆ. ನಾನು ಅಡುಗೆ ಮಾಡ್ತೇನೆ, ಅವನು ಉಣ್ತಾನೆ. ಮಾತಿಲ್ಲ. ಹೋದ ತಿಂಗಳು ಸಿಡ್ನಿಯಲ್ಲಿ ವೇಲಂಕಣಿ ಮಾತೆಯ ಹಬ್ಬದಲ್ಲಿ ಊಟದ ಕ್ಯೂನಲ್ಲಿ ನಿನ್ನ ತಂದೆಯನ್ನು ಕಂಡಾಗ ನನಗೆ ಅನಿಸಿದ್ದು ಒಂದೇ. ಇವರೊಬ್ಬರಿಗೆ ಗೊತ್ತು.”

ಸೋಫಾದಲ್ಲಿದ್ದ ಮನುಷ್ಯನಿಗೆ ಅನಿಸಿದ್ದು ಬೇರೆ. ಅವನು ಹಲ್ಲು ಕಟ್ಟಿಸಿಕೊಂಡಿದ್ದ.

ಆಂಟನ್ ಊಟಕ್ಕೆ ಬಂದ. ನಲವತ್ತರ ಆಸುಪಾಸಿನ, ಸೊಂಟ ದಪ್ಪವಾದ, ಶಾಂತ ಮುಖದ ಗಂಡಸು. ಅಪ್ಪನ ಎದುರಿನ ಕುರ್ಚಿಯಲ್ಲಿ ಕೂತ. ಅಕ್ಕ ಬಡಿಸಿದ, ಹಬೆಯಲ್ಲಿ ಬೇಯಿಸಿದ ಪಿಟ್ಟಿನ ತಟ್ಟೆಯ ಪಕ್ಕ ಕೈಯಿಟ್ಟು ಕಾಯತೊಡಗಿದ.

ಅಪ್ಪ ಕಾಯಲಿಲ್ಲ. ಏಡಿಯ ಕಾಲನ್ನು ಹಿಂದಿನ ಹಲ್ಲುಗಳ ನಡುವೆ ಇಟ್ಟು ಮುರಿದ. ಒಳಗಿನದ್ದನ್ನು ಸುರ್ರೆಂದು ಹೀರಿದ. “ಅದೇ ರುಚಿ” ಎಂದ. ಬೆರಳಿಂದ ಮೊಣಕೈಯವರೆಗೆ ಕೆಂಪು ರಸ ಇಳಿಯುತ್ತಿತ್ತು. ಲವಿಟಾ ತನ್ನ ತಟ್ಟೆಯನ್ನೇ ನೋಡಿದಳು. ಅಲ್ಲೂ ಒಂದು ಏಡಿ ಕಾಲು ಮಡಚಿ ಕೂತಿತ್ತು.

“ಈಗ ಹೇಳಿ” ಎಂದಳು ಜೂಲಿಯಾನಾ. ಮೊದಲು ತಮಿಳಿನಲ್ಲಿ, ಆಮೇಲೆ ಲವಿಟಾಗಾಗಿ ಇಂಗ್ಲಿಷಿನಲ್ಲಿ. “ನನ್ನ ತಮ್ಮನ ಮುಂದೆ ಹೇಳಿ. ದಾಸನ್ ಹೆಸರನ್ನು ನಾನು ನಿಮಗೆ ಯಾವತ್ತಾದರೂ ಹೇಳಿದ್ದೆನಾ?”

ಅಪ್ಪನ ದವಡೆ ನಿಂತಿತು. ಮತ್ತೆ ನಿಧಾನಕ್ಕೆ ಆಡಿತು.

“ಎಷ್ಟು ವರ್ಷ ಆಯ್ತು, ಜೂಲಿ.”

“ಹೌದು ಅಥವಾ ಇಲ್ಲ. ಅಷ್ಟೇ ಸಾಕು.”

“ಆಗ ಎಷ್ಟು ಮಾತು ಬರ್ತಿತ್ತು, ಹೋಗ್ತಿತ್ತು. ನನಗೆ ಈಗ ಬಿಪಿ ಉಂಟು. ಏನೂ ನೆನಪಿರುವುದಿಲ್ಲ.”

“ಏಡಿಯ ರುಚಿ ನೆನಪಿದೆ” ಎಂದ ಆಂಟನ್.

ಆ ಮಧ್ಯಾಹ್ನ ಅವನು ಆಡಿದ್ದು ಅದೊಂದೇ ಮಾತು. ಅಪ್ಪ ನೀರು ಕೇಳಿದ. ಜೂಲಿಯಾನಾ ಲೋಟ ತುಂಬಿಸಿ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಮೂವರೂ ಅವನ ಗಂಟಲನ್ನು ನೋಡುತ್ತಿದ್ದರು. ಆಂಟನ್ ಎದ್ದ. ತಟ್ಟೆಯನ್ನು ಮುಟ್ಟಿರಲಿಲ್ಲ. ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಕಾಮೆಂಟರಿಯ ಸದ್ದು ಏರಿತು.

ಜೂಲಿಯಾನಾ ಅಳಲಿಲ್ಲ. ಅಪ್ಪನ ತಟ್ಟೆಗೆ ಇನ್ನೊಂದು ಏಡಿ ಹಾಕಿದಳು. ಅಪ್ಪ ಅದನ್ನೂ ತಿಂದ.

ಟ್ಯಾಕ್ಸಿ ಬಂದಾಗ ಅವನು ಕೈ ತೊಳೆಯಲು ಹೋಗಿದ್ದ. ಜೂಲಿಯಾನಾ ಲವಿಟಾಳನ್ನು ಅಂಗಳದ ಅಂಚಿಗೆ ಕರೆದುಕೊಂಡು ಹೋದಳು. ಗಾಳಿ ಇಬ್ಬರ ಕಣ್ಣಿಗೂ ಮಣ್ಣು ತೂರುತ್ತಿತ್ತು.

“ಮಗಳೇ, ನಿನ್ನ ಹತ್ತಿರ ಹೇಳ್ತಾರೆ. ಹೇಳಿದರೆ ನನಗೊಂದು ಫೋನ್ ಮಾಡು. ಏನೇ ಆಗಲಿ. ನಾನೇ ಹೇಳಿದ್ದು ಅಂತಾದರೂ ಸರಿ.”

“ನೀವು ಹೇಳಿಲ್ಲ ಅಂದ್ರಲ್ಲ, ಆಂಟಿ.”

“ಹೇಳಿಲ್ಲ ಅಂತ ಅಂದುಕೊಂಡಿದ್ದೇನೆ. ಆಗ ಮರುಳಾಗಿದ್ದೆ. ಅವರಿಗೆ ಏನೇನೋ ಹೇಳ್ತಿದ್ದೆ, ಬೆಕ್ಕು ಮರಿ ಹಾಕಿದ್ದು ಸಹ. ಎಲ್ಲ ಮಾತನ್ನೂ ಮತ್ತೆ ಮತ್ತೆ ನೆನಪು ಮಾಡಿ ನೋಡಿದ್ದೇನೆ. ನೋಡಿ ನೋಡಿ ಈಗ ನನಗೇ ಗೊತ್ತಾಗ್ತಿಲ್ಲ.”

ಅವಳು ಲವಿಟಾಳ ಫೋನ್ ತೆಗೆದುಕೊಂಡು ತನ್ನ ನಂಬರನ್ನು ಹೆಸರಿನೊಂದಿಗೆ ಸೇರಿಸಿ ಒಮ್ಮೆ ಕರೆ ಒತ್ತಿದಳು. ಒಳಗೆಲ್ಲೋ ಅವಳ ಫೋನು ರಿಂಗಾಯಿತು. ಈಗ ಇಬ್ಬರ ನಂಬರೂ ಇಬ್ಬರಲ್ಲಿತ್ತು.

ಟ್ಯಾಕ್ಸಿಯಲ್ಲಿ ಅಪ್ಪ ಕಿಟಕಿ ಕಡೆ ತಿರುಗಿ ಕೂತ. ನಾಲಿಗೆಯಿಂದ ಹೊಸ ಹಲ್ಲುಗಳ ಸಂದಿಯನ್ನು ಕೆದಕುತ್ತಿದ್ದ. ಆ ಸಣ್ಣ ಚಪ್ಪರಿಕೆ ಎಂಜಿನ್ನಿನ ಸದ್ದಿಗಿಂತ ಜೋರಾಗಿ ಕೇಳಿಸುತ್ತಿತ್ತು. ಡ್ರೈವರಿಗೆ ಅರ್ಥವಾಗಬಾರದೆಂದು ಲವಿಟಾ ಕನ್ನಡದಲ್ಲೇ ಕೇಳಿದಳು. ಇಂದ್ರೇಶನನ್ನು ಮದುವೆಯಾದ ಮೇಲೆ ಅವರ ಮನೆಯಲ್ಲಿ ಕೊಂಕಣಿ ಹಿಂದೆ ಸರಿದಿತ್ತು.

“ಅವರು ಹೆಸರು ಹೇಳಿದ್ರಾ, ಪಪ್ಪಾ?”

“ಯಾವ ಹೆಸರು?”

“ಪಪ್ಪಾ.”

ಹೈವೇ ಬಂತು.

“ಅವಳು ಹೇಳಲಿಲ್ಲ” ಎಂದ. “ಪಾಪದ್ದು. ಅವಳಿಗೆ ಎಂತದೂ ಗೊತ್ತಿಲ್ಲ.”

“ಮತ್ತೆ ಅಲ್ಲೇ ಹೇಳಬಹುದಿತ್ತಲ್ಲ! ಒಂದು ಮಾತು.”

“ಅವಳಲ್ಲ ಅಂದ್ರೆ ಮತ್ತೆ ಯಾರು ಅಂತ ಕೇಳುದಿಲ್ವಾ ಅವಳ ತಮ್ಮ?”

ಲವಿಟಾ ಅವನ ಕತ್ತಿನ ಹಿಂಭಾಗವನ್ನು ನೋಡಿದಳು. ಡೈ ತಾಗದೆ ಉಳಿದ ಬಿಳಿ ಕೂದಲು ಕಾಲರಿನೊಳಗೆ ಇಳಿದಿತ್ತು.

“ಯಾರು?”

“ನಾನು ಅವಳನ್ನು ಕಾಣ್ಲಿಕ್ಕೆ ಹೋದವ, ಹಿತ್ತಿಲಲ್ಲಿ ಅವಳ ಅಣ್ಣನನ್ನು ಕಂಡೆ. ಕಂಡದ್ದು ಕಂಡೆ.” ಅವನು ಮಗಳ ಕಡೆ ತಿರುಗಲಿಲ್ಲ. “ಡ್ಯೂಟಿ ಅಂದ್ರೆ ಡ್ಯೂಟಿ, ಮಗಾ. ನಿನಗೆ ಅದೆಲ್ಲ ಗೊತ್ತಾಗ್ಲಿಕ್ಕಿಲ್ಲ. ಏರ್‌ಪೋರ್ಟಲ್ಲಿ ಒಳ್ಳೆ ಚಾ ಸಿಗ್ತದಾ?”

ಸಿಗುತ್ತದೆ ಎಂದಳು ಲವಿಟಾ. ಆ ಧ್ವನಿ ಪೇಷಂಟುಗಳ ಜೊತೆ ಮಾತಾಡುವಾಗಿನದು. ಸ್ವಲ್ಪ ನೋವಾಗುತ್ತದೆ, ಆಮೇಲೆ ಸರಿಹೋಗುತ್ತದೆ.

ಏರ್‌ಪೋರ್ಟಿನಲ್ಲಿ ಅವನಿಗೆ ಚಹಾ ಕೊಡಿಸಿ ಗೇಟಿನ ಹತ್ತಿರ ಕೂರಿಸಿದಳು. ಅವನು ಬಿಸಿ ಚಹಾದ ಮೇಲೆ ಉಫ್ ಉಫ್ ಎಂದು ಊದಿದ. ಪಕ್ಕದ ಸೀಟಿನ ಬಿಳಿಯ ಮಗು ಅವನನ್ನು ನೋಡಿ ನಕ್ಕಿತು. ಅವನೂ ಹಲ್ಲು ತೋರಿಸಿ ನಕ್ಕ. ಎಷ್ಟು ಒಳ್ಳೆಯ ಅಜ್ಜ ಎಂದು ಮಗುವಿನ ತಾಯಿ ಲವಿಟಾಗೆ ಕಣ್ಣಲ್ಲೇ ಹೇಳಿದಳು. ಲವಿಟಾ ತಾನೂ ನಗುತ್ತಿರುವುದನ್ನು ಗಮನಿಸಿದಳು.

ಇಂದ್ರೇಶನ ಫೋನ್ ಬಂತು. “ಹೇಗಿತ್ತಮ್ಮ? ಮಾವ ಖುಷಿಯಾಗಿದಾರಾ?”

“ಹ್ಞೂಂ. ಏಡಿ ಮಾಡಿದ್ರು. ಚೆನ್ನಾಗಿತ್ತು.”

“ಪಾರ್ಸೆಲ್ ತರೋದಲ್ವಾ!” ಎಂದು ನಕ್ಕ. “ಹೇಳೋದು ಮರ್ತೆ. ಮಾವನ ವೀಸಾ ಏಜೆಂಟ್ ಮಾತಾಡಿದ್ರು. ಆರ್ಮಿ ಸರ್ವಿಸ್ ಡೀಟೇಲ್ಸ್ ಎಲ್ಲ ಕ್ಲೀನ್ ಇದ್ರೆ ಪರ್ಮನೆಂಟ್‌ಗೆ ಹಾಕಬಹುದಂತೆ. ಕ್ಲೀನ್ ತಾನೆ?”

“ಕ್ಲೀನ್” ಎಂದಳು ಲವಿಟಾ.

ಫೋನ್ ಇಟ್ಟಳು. ಅದು ಕೈಯಲ್ಲೇ ಮತ್ತೆ ನಡುಗಿತು. ಜೂಲಿಯಾನಾ. ಲವಿಟಾ ಆ ಹೆಸರನ್ನು ನೋಡುತ್ತ ನಿಂತಳು. ಹೇಳಬೇಕಾದದ್ದು ಒಂದೇ ಮಾತು, ‘ನೀವಲ್ಲ’. ಅಷ್ಟು ಹೇಳಿ ಇಟ್ಟುಬಿಡಬಹುದು. ಆದರೆ ಅವಳೂ ಕೇಳುತ್ತಾಳೆ, ಮತ್ತೆ ಯಾರು ಎಂದು. ತನ್ನ ಯೋಚನೆ ಅಪ್ಪನ ಮಾತನ್ನೇ ಅಕ್ಷರಕ್ಕಕ್ಷರ ಹಿಡಿದು ನಡೆಯುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಅವಳು ಕರೆ ಕತ್ತರಿಸುವ ಬಟನ್ ಒತ್ತಿದಳು. ಪರದೆ ಕಪ್ಪಾಯಿತು.

ಬೆರಳುಗಳಿಂದ ಏಡಿಯ ವಾಸನೆ ಬರುತ್ತಿತ್ತು. ತಾನು ಏಡಿಯನ್ನು ಮುಟ್ಟಿರಲಿಲ್ಲವಲ್ಲ ಎಂದುಕೊಂಡಳು. ಲೇಡೀಸ್ ಟಾಯ್ಲೆಟ್ಟಿಗೆ ಹೋಗಿ ಬಾಗಿದಳು. ವಾಂತಿ ಬರಲಿಲ್ಲ. ಹೊರಬಂದು ಡಬ್ಬದಿಂದ ಸೋಪು ಒತ್ತಿಕೊಂಡು, ಮೊಣಕೈಯವರೆಗೂ ನೊರೆ ಬರುವಂತೆ ಉಜ್ಜಿದಳು. ನಲ್ಲಿಯ ಕೆಳಗೆ ಕೈ ಹಿಡಿದಳು.

ನೀರು ಬರಲಿಲ್ಲ. ಕೈ ಹಿಡಿದರೆ ತಾನೇ ಸುರಿಯುವ ನಲ್ಲಿಗಳು. ಅವಳು ಕೈಯನ್ನು ಹಿಂದೆ ತೆಗೆದು ಮತ್ತೆ ಹಿಡಿದಳು. ಪಕ್ಕದ ನಲ್ಲಿಗೆ ಹೋದಳು. ಅಲ್ಲೂ ಇಲ್ಲ. ಸ್ಕೂಲ್ ಯೂನಿಫಾರ್ಮಿನ ಒಬ್ಬಳು ಹುಡುಗಿ ಬಂದು, ಲವಿಟಾ ಬಿಟ್ಟ ಮೊದಲನೆಯ ನಲ್ಲಿಯ ಕೆಳಗೆ ಕೈ ಚಾಚಿದಳು. ನೀರು ಧಾರಾಳವಾಗಿ ಸುರಿಯಿತು. ಹುಡುಗಿ ಕೈ ಕೊಡವಿಕೊಂಡು ಹೋದಳು. ಲವಿಟಾ ಅದೇ ನಲ್ಲಿಗೆ ಓಡಿ ಕೈಯೊಡ್ಡಿದಳು. ನೀರು ನಿಂತುಹೋಯಿತು.

ಸ್ಪೀಕರಿನಲ್ಲಿ ಸಿಡ್ನಿ ವಿಮಾನದ ಕೊನೆಯ ಕರೆ ಕೇಳಿಸಿತು. ಅವಳು ಸಾಲಿನ ಕೊನೆಯ ನಲ್ಲಿಯ ಕೆಳಗೆ ಎರಡೂ ಕೈಗಳನ್ನು ಹಿಡಿದು ಕದಲದೆ ನಿಂತಳು. ನೊರೆಯ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತ, ಬೆರಳುಗಳ ಮೇಲೆ ಬೆಳ್ಳಗೆ ಒಣಗತೊಡಗಿದವು.